ಅಂಚೆಯಲ್ಲಿ ಬಂದ ಕುದುರೆ

೧೯೮೧ರ ಒಂದು ಬೆಳಿಗ್ಗೆ ನಮ್ಮ ಬೀದಿಯ ಅಂಚೆಯವನು ನನ್ನ ಕೈಗೆ ಕಾರ್ಡೊಂದನ್ನು ಕೊಡುವ ಮೊದಲು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಸ್ವಾಮಿ, ಈ ನಂಬರು ಯಾವತ್ತಿಂದು?" ಎಂದು ಕೇಳಿದ. ಕಾರ್ಡಿನ ನೆತ್ತಿಯ ಮೇಲೆ ೫೭೫೫ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದು ಮಟ್ಕಾ ಜೂಜಿನ ಕಾಲ. ಸಾಧುವಾದ ಆ ಮನುಷ್ಯ ನನ್ನನ್ನು ಏನೆಂದು ತಿಳಿದನೋ! ಇದು ಚದುರಂಗ ಕಣಯ್ಯಾ, ಭಿಲಾಯಿಯಲ್ಲಿರುವ ನನ್ನ ಗೆಳೆಯ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ್ದಾನೆ ಎಂದು ವಿವರಿಸಿದೆ. ಅವನು ನಂಬಿದಂತೆ ತೋರಲಿಲ್ಲ.

ಹಾಸಿನ ಅರವತ್ತನಾಲ್ಕು ಮನೆಗಳಿಗೂ ಎರಡೆರಡು ಅಂಕೆಯ ಹೆಸರು. ಮೊದಲ ಎರಡು ಅಂಕೆ ಕಾಯಿ ಬಿಟ್ಟ ಮನೆ, ಮುಂದಿನ ಎರಡು ಅದು ಸೇರಿದ ಮನೆ. ದೇಶದೇಶಗಳ ನಡುವೆ ಅಂಚೆಯಲ್ಲಿ ಆಡುವವರು ಭಾಷೆಯ ತೊಡಕು ಬೇಡವೆಂದು ಬಳಸುತ್ತಿದ್ದ ಲಿಪಿ ಇದು. ಇದನ್ನು ಕಂಡು ಸಂಶಯಪಟ್ಟವನು ನಮ್ಮ ಅಂಚೆಯವನೊಬ್ಬನೇ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪತ್ರಗಳನ್ನು ಒಡೆದು ನೋಡುತ್ತಿದ್ದ ಸರ್ಕಾರಿ ಅಧಿಕಾರಿಗಳಿಗೂ ಇಂಥ ಕಾರ್ಡುಗಳು ಗೂಢಚಾರರ ಸಂಕೇತದಂತೆಯೇ ಕಂಡವು.

ಚದುರಂಗಕ್ಕೆ ಇಬ್ಬರು ಬೇಕು. ಆದರೆ ಆ ಇಬ್ಬರು ಒಂದೇ ಊರಿನಲ್ಲಿರಬೇಕೆಂಬ ನಿಯಮವೇನೂ ಇಲ್ಲ. ಮೊಬೈಲಿನ ಮೇಲೆ ಬೆರಳಾಡಿಸುತ್ತ ಸಾವಿರಾರು ಮೈಲಿಯಾಚೆಯ ಗೆಳೆಯನೊಡನೆ ಆಡುವ ಇಂದಿನ ಹುಡುಗರು ಇದೊಂದು ಹೊಸ ವಿದ್ಯೆ ಎಂದು ತಿಳಿದಿದ್ದರೆ ತಪ್ಪೇನಿಲ್ಲ, ಅವರಿಗೆ ಯಾರೂ ಹೇಳಿಲ್ಲ. ದೂರದಾಟಕ್ಕೆ ಇನ್ನೂರು ವರ್ಷಕ್ಕೆ ಮೀರಿದ ಚರಿತ್ರೆಯಿದೆ.

ಅದರ ಮೊದಮೊದಲ ಪುಟಗಳಲ್ಲಿ ಪ್ರಸಿದ್ಧವಾದದ್ದು ೧೮೨೪ರಲ್ಲಿ ಲಂಡನ್ನಿಗೂ ಎಡಿನ್‌ಬರೋ ನಗರಕ್ಕೂ ನಡೆದ ಪಂದ್ಯ. ಎರಡೂ ಊರಿನ ಚದುರಂಗ ಸಂಘದವರು ಕುದುರೆಗಾಡಿಯ ಅಂಚೆಯಲ್ಲಿ ನಡೆಗಳನ್ನು ಕಳಿಸಿಕೊಳ್ಳುತ್ತ ಐದು ಆಟ ಆಡಿದರು. ಮುಗಿದದ್ದು ೧೮೨೮ರಲ್ಲಿ! ಸ್ಕಾಟ್‌ಲೆಂಡಿನವರು ಎರಡನ್ನು ಗೆದ್ದರು, ಲಂಡನ್ನಿನವರು ಒಂದನ್ನು, ಉಳಿದೆರಡು ಸಮ. ಇಂದಿಗೂ ಒಂದು ಬಗೆಯ ಆರಂಭಕ್ಕೆ 'ಸ್ಕಾಚ್ ಆಟ' ಎಂಬ ಹೆಸರು ನಿಂತಿರುವುದು ಆ ಪಂದ್ಯದಿಂದ. ಆದರೆ ನನ್ನ ಮನಸ್ಸನ್ನು ಹಿಡಿದಿರುವುದು ಈ ಸೋಲುಗೆಲವುಗಳಲ್ಲ, ನಡುವೆ ಎದ್ದ ಒಂದು ಜಗಳ. ಲಂಡನ್ನಿನವರು ಒಂದು ನಡೆಯನ್ನು ಅಂಚೆಗೆ ಹಾಕಿದ ಮೇಲೆ ಅದು ಕೆಟ್ಟದ್ದೆಂದು ಕಂಡು, ಹಿಂದಕ್ಕೆ ಪಡೆಯುತ್ತೇವೆಂದು ಬರೆದರು. ಎಡಿನ್‌ಬರೋದವರು ಸುತರಾಂ ಒಪ್ಪಲಿಲ್ಲ. ಎದುರೆದುರು ಕುಳಿತಾಗ ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬ ಕಟ್ಟಳೆ ಉಂಟಷ್ಟೆ. ಕಾಗದಕ್ಕೂ ಅದೇ ಕಟ್ಟಳೆ ಎಂದು ಅವರ ವಾದ. ನ್ಯಾಯವಾದ ಮಾತೇ. ಆದರೂ ನ್ಯಾಯವೊಂದೇ ಇದ್ದ ಆಟ ಗೆಳೆಯರ ಆಟವಲ್ಲವೆಂದು ನನಗೆ ತೋರುತ್ತದೆ. ಇದನ್ನು ಮುಂದೆ ಹೇಳುತ್ತೇನೆ.

ಆ ಪಂದ್ಯ ಮುಗಿದ ೧೮೨೮ರಲ್ಲಿಯೇ ನಮ್ಮ ನೆರೆಯಲ್ಲಿ ಮದರಾಸಿಗೂ ಹೈದರಾಬಾದಿಗೂ ಅಂಚೆಯ ಪಂದ್ಯ ನಡೆಯಿತೆಂದರೆ ಆಶ್ಚರ್ಯಪಡುವವರಿದ್ದಾರೆ. ರೈಲಿಲ್ಲ, ತಂತಿಯಿಲ್ಲ. ಮುನ್ನೂರು ಮೈಲಿಗೂ ಹೆಚ್ಚಿನ ಹಾದಿ. ಚೀಲ ಹೊತ್ತ ಓಟಗಾರರು ಒಬ್ಬರಿಂದೊಬ್ಬರು ಹೆಗಲು ಬದಲಿಸುತ್ತ ಟಪಾಲು ಸಾಗಿಸುತ್ತಿದ್ದ ಕಾಲ. ಆ ಚೀಲದಲ್ಲಿ ಕಂಪನಿಯ ಲೆಕ್ಕಪತ್ರಗಳ ನಡುವೆ ಒಂದು ಕುದುರೆಯ ನಡೆಯೂ ಓಡುತ್ತಿತ್ತು. ಮದರಾಸಿನ ಕಡೆ ಮುಖ್ಯ ಆಟಗಾರ ಗುಲಾಂ ಕಾಸಿಂ. ಗೆದ್ದವರು ಮದರಾಸಿನವರು. ಮರುವರ್ಷ, ೧೮೨೯ರಲ್ಲಿ, ಗುಲಾಂ ಕಾಸಿಂ ಜೇಮ್ಸ್ ಕಾಕ್ರೇನ್ ಎಂಬುವರೊಡನೆ ಸೇರಿ ಆ ಎರಡು ಆಟಗಳನ್ನೂ ಒಂದು ಆರಂಭದ ವಿವೇಚನೆಯನ್ನೂ ಮದರಾಸಿನಲ್ಲಿಯೇ ಪುಸ್ತಕವಾಗಿ ಅಚ್ಚು ಹಾಕಿಸಿದ. ಯುರೋಪಿನವರು ಆಟ ಬಲ್ಲವರು, ನಮ್ಮವರು ಕಾಯಿ ನೂಕುವವರು ಎಂದು ಹೇಳುವವರಿಗೆ ಈ ಪುಸ್ತಕವನ್ನು ತೋರಿಸಬೇಕು.

ಆದರೆ ಆ ಪಂದ್ಯ ನಡೆದದ್ದು ಯುರೋಪಿನ ಕ್ರಮದಲ್ಲಿ. ನಮ್ಮ ಜಗಲಿಗಳ ಕ್ರಮವೇ ಬೇರೆ. ನನಗೆ ಚದುರಂಗ ಕಲಿಸಿದವರು ನಮ್ಮ ತಾತ. ಅವರ ಲೆಕ್ಕದಲ್ಲಿ ಕಾಲಾಳು ಒಂದೇ ಮನೆ ನಡೆಯಬೇಕು. ರಾಜ ಕೋಟೆ ಕಟ್ಟುವಂತಿಲ್ಲ, ಅದರ ಬದಲು ಒಮ್ಮೆ ಮಾತ್ರ ಕುದುರೆಯಂತೆ ನೆಗೆಯಬಹುದು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಆ ಸಾಲಿನ ಕಾಯಿಯಾಗುವುದೇ ಹೊರತು ಬೇಕಾದ್ದಾಗುವಂತಿಲ್ಲ. ಪಕ್ಕದ ಬೀದಿಯಲ್ಲಿ ಇವುಗಳಲ್ಲೇ ಒಂದೆರಡು ವ್ಯತ್ಯಾಸ. ಆದ್ದರಿಂದ ಪರಊರಿನವರು ಬಂದರೆ ಕಾಯಿ ಹೂಡುವ ಮೊದಲು ಅರ್ಧ ಗಂಟೆ ಶಾಸನ ಸಭೆ ನಡೆಯುತ್ತಿತ್ತು. ತಾತ ಆಡುತ್ತಿದ್ದಾಗ ಸುತ್ತ ನಿಂತ ಹತ್ತು ಜನರೂ ಬಾಯಿ ಹಾಕುತ್ತಿದ್ದರು. ಯಾರೂ ಅದನ್ನು ಮೋಸವೆಂದು ಕರೆಯುತ್ತಿರಲಿಲ್ಲ!

ಮೈಸೂರಿನವರಿಗೆ ಈ ಹುಚ್ಚು ಅರಮನೆಯಿಂದಲೇ ಹರಿದು ಬಂದದ್ದು ಎನ್ನಬಹುದು. ೧೭೯೯ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ೧೮೩೧ರಲ್ಲಿ ಕಂಪನಿಯವರು ಆಡಳಿತವನ್ನು ಕಿತ್ತುಕೊಂಡರು. ೧೮೬೮ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ರಾಜ್ಯ ಮರಳಲಿಲ್ಲ. ಸೇನೆಯಿಲ್ಲದ ದೊರೆ ಹಾಸಿನ ಮೇಲಿನ ಸೇನೆಗೆ ಮನಸ್ಸು ಕೊಟ್ಟರು. ಕುದುರೆಯೊಂದು ಯಾವ ಮನೆಯನ್ನೂ ಎರಡು ಸಲ ಮೆಟ್ಟದೆ ಅರವತ್ತನಾಲ್ಕನ್ನೂ ಸುತ್ತಿ ಬರುವ ಬಂಧಗಳನ್ನು ರಚಿಸಿದರು. 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆಟದ ಪಟಗಳನ್ನು ಬರೆಸಿದರು. ಆ ಗೋಡೆಗಳ ಮುಂದೆ ನಾನೂ ನನ್ನ ಗೆಳೆಯನೂ ಶಾಲೆಯ ಚಡ್ಡಿಯಲ್ಲಿ ನಿಂತು, ಬೆರಳಿನಿಂದ ಗಾಳಿಯಲ್ಲಿ ಕುದುರೆ ಹಾರಿಸುತ್ತ, ದಾರಿ ತಪ್ಪಿ ಒಬ್ಬರನ್ನೊಬ್ಬರು ಬಯ್ದುಕೊಂಡದ್ದುಂಟು.

ಒಂದು ಮನೆ ಎರಡು ಮನೆಯ ವ್ಯತ್ಯಾಸ ಅಲ್ಪವೆಂದು ಕಾಣಬಹುದು. ಪಂಜಾಬಿನ ಮೀರ್ ಸುಲ್ತಾನ್ ಖಾನರಿಗೆ ಅದು ಅಲ್ಪವಾಗಿರಲಿಲ್ಲ. ನಮ್ಮ ಕ್ರಮದಲ್ಲೇ ಪಳಗಿದ ಅವರು, ತಮ್ಮ ಒಡೆಯ ಉಮರ್ ಹಯಾತ್ ಖಾನರ ಪರಿವಾರದಲ್ಲಿ ೧೯೨೯ರಲ್ಲಿ ಇಂಗ್ಲೆಂಡಿಗೆ ಹೋಗಿ, ಆರಂಭದ ನಡೆಗಳ ಪುಸ್ತಕಜ್ಞಾನವಿಲ್ಲದೆಯೇ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. ೧೯೩೨ ಮತ್ತು ೧೯೩೩ರಲ್ಲಿ ಮತ್ತೆ ಗೆದ್ದರು. ಊರಿಗೆ ಮರಳಿದ ಮೇಲೆ ಜಗತ್ತು ಅವರನ್ನು ಮರೆಯಿತು, ೧೯೬೬ರಲ್ಲಿ ತೀರಿಕೊಂಡರು. ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು ೨೦೨೪ರಲ್ಲಿ. ಈ ಅಂಚೆ ಮಾತ್ರ ಬಹಳ ನಿಧಾನ.

ಭಾರತದಲ್ಲಿ ಮೊದಲ ರಾಷ್ಟ್ರೀಯ ಪಂದ್ಯ ನಡೆದದ್ದು ೧೯೫೫ರಲ್ಲಿ, ಆಂಧ್ರದ ಏಲೂರಿನಲ್ಲಿ. ಕ್ರಮೇಣ ಜಗಲಿಯ ಕ್ರಮಗಳು ಹಿಂದೆ ಸರಿದವು. ತಾತ ಮಾತ್ರ ಕೊನೆಯವರೆಗೆ ಒಂದೇ ಮನೆ ನಡೆಸಿದರು.

ಅಷ್ಟರಲ್ಲಿ ಹೊರಗೆ ಆಟದ ವಾಹನ ಬದಲಾಗುತ್ತ ಹೋಗಿತ್ತು. ಮೋರ್ಸ್ ಮಹಾಶಯ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಎಳೆದ ೧೮೪೪ರಲ್ಲಿಯೇ ಅದರ ಮೇಲೆ ಚದುರಂಗ ಆಡಿದರು. ಮನುಷ್ಯನಿಗೆ ಹೊಸ ಉಪಕರಣ ಸಿಕ್ಕಿದೊಡನೆ ಮೊದಲು ಆಟವಾಡುತ್ತಾನೆ. ೧೯೪೫ರ ಸೆಪ್ಟೆಂಬರಿನಲ್ಲಿ, ಯುದ್ಧದ ಹೊಗೆ ಇನ್ನೂ ಆರದಿದ್ದಾಗ, ಸೋವಿಯತ್ ಒಕ್ಕೂಟವೂ ಅಮೆರಿಕವೂ ರೇಡಿಯೋ ಮೂಲಕ ಆಡಿ, ಸೋವಿಯತ್ತಿನವರು ಹದಿನೈದೂವರೆ–ನಾಲ್ಕೂವರೆಯಿಂದ ಗೆದ್ದರು. ೧೯೯೨ರಲ್ಲಿ ಅಂತರಜಾಲದ ಚದುರಂಗಶಾಲೆ ತೆರೆಯಿತು.

ನಮ್ಮದು ಇವೆಲ್ಲಕ್ಕಿಂತ ಅಗ್ಗ. ಹದಿನೈದು ಪೈಸೆಯ ಕಾರ್ಡು. ಗೆಳೆಯನಿಗೆ ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸವಾದ ಮೇಲೆ ಹೂಡಿದ ಮೊದಲ ಆಟ ಹದಿನಾಲ್ಕು ತಿಂಗಳು ಹಿಡಿಯಿತು. ಹಾಸನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಹಾಗೆಯೇ ಬಿಟ್ಟಿರುತ್ತಿದ್ದೆವು. ಕಸ ಗುಡಿಸುವಾಗ ನನ್ನ ಹೆಂಡತಿ ಒಂದು ಆನೆಯನ್ನು ಬೀಳಿಸಿ, ತೋಚಿದಲ್ಲಿ ಇಟ್ಟು, ಒಂದು ವಾರ ನನ್ನನ್ನು ತಬ್ಬಿಬ್ಬು ಮಾಡಿದಳು. ಕಾರ್ಡಿನ ನೆತ್ತಿಯಲ್ಲಿ ನಾಲ್ಕು ಅಂಕೆ. ಕೆಳಗೆ ಉಳಿದ ಸಂಸಾರ. ಅವನ ಮಗಳು ಹುಟ್ಟಿದ ಸುದ್ದಿ ನನಗೆ ತಲುಪಿದ್ದು ಒಂದು ಒಂಟೆಯ ನಡೆಯ ಕೆಳಗೆ.

ಆ ಮಗಳು ಕೆನಡಾದಲ್ಲಿ ಮನೆ ಮಾಡಿದಳು. ನಿವೃತ್ತನಾದ ಗೆಳೆಯ ಅಲ್ಲಿಗೆ ಹೋದ. ೨೦೨೦ರಲ್ಲಿ ಎಲ್ಲರೂ ಮನೆಯೊಳಗೆ ಕುಳಿತಾಗ ನನ್ನ ಮೊಮ್ಮಗ ಮೊಬೈಲಿನಲ್ಲಿ ಹಾಸು ಬಿಡಿಸಿಕೊಟ್ಟ. ಮೂರು ದಿನಕ್ಕೊಂದು ನಡೆಯ ಗಡುವು. ಆ ವರ್ಷ ಆಗಸ್ಟಿನಲ್ಲಿ ಒಲಿಂಪಿಯಾಡ್ ಪಂದ್ಯವೇ ಅಂತರಜಾಲದಲ್ಲಿ ನಡೆದು, ಫೈನಲಿನಲ್ಲಿ ಸಂಪರ್ಕ ಕಡಿದು ನಮ್ಮ ಇಬ್ಬರು ಆಟಗಾರರು ಸಮಯ ಕಳೆದುಕೊಂಡು, ಕಡೆಗೆ ಭಾರತಕ್ಕೂ ರಷ್ಯಕ್ಕೂ ಜಂಟಿಯಾಗಿ ಚಿನ್ನ ಕೊಟ್ಟರು. ನಾವಿಬ್ಬರೂ ಹಿಗ್ಗಿದೆವು.

ತಂತಿಯಾಗಲಿ ಅಂಚೆಯಾಗಲಿ ನಡೆಯನ್ನು ಹೊತ್ತು ತರುತ್ತಿತ್ತೇ ಹೊರತು ನಡೆಯನ್ನು ಹೇಳಿಕೊಡುತ್ತಿರಲಿಲ್ಲ. ೧೯೯೭ರಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರ ಕ್ಯಾಸ್ಪರೋವ್‌ನನ್ನು ಸೋಲಿಸಿದ ಮೇಲೆ ಆ ವ್ಯತ್ಯಾಸ ಅಳಿಸುತ್ತ ಬಂತು. ಇಂದು ಅಂಗಿಯ ಜೇಬಿನಲ್ಲಿರುವ ಮೊಬೈಲು ಯಾವ ವಿಶ್ವ ಚಾಂಪಿಯನ್ನನಿಗಿಂತಲೂ ಚೆನ್ನಾಗಿ ಆಡಬಲ್ಲದು. ೧೭೭೦ರಲ್ಲಿ ವಿಯೆನ್ನಾದ ಆಸ್ಥಾನದಲ್ಲಿ ಚದುರಂಗವಾಡುವ ಯಂತ್ರವೊಂದನ್ನು ಪ್ರದರ್ಶಿಸಿದ್ದರು. ಅದರ ಪೆಟ್ಟಿಗೆಯೊಳಗೆ ಮನುಷ್ಯ ಅಡಗಿದ್ದ. ಈಗ ಮನುಷ್ಯನ ಹಿಂದೆ ಯಂತ್ರ ಅಡಗಿರುತ್ತದೆ. ೨೦೨೧ರಲ್ಲಿ ಸಹಾಯನಿಧಿಗಾಗಿ ವಿಶ್ವನಾಥನ್ ಆನಂದರೊಡನೆ ಅಂತರಜಾಲದಲ್ಲಿ ಆಡಿದ ಬೆಂಗಳೂರಿನ ಉದ್ಯಮಿಯೊಬ್ಬರು ಯಂತ್ರದ ನೆರವು ಪಡೆದುದಾಗಿ ತಾವೇ ಒಪ್ಪಿಕೊಂಡದ್ದನ್ನು ಓದುಗರು ಬಲ್ಲರು. ಅಂಚೆ ಚದುರಂಗದ ಅಂತರರಾಷ್ಟ್ರೀಯ ಸಂಸ್ಥೆಯಂತೂ ತಡೆಯಲಾರದ್ದನ್ನು ತಡೆಯುವುದೇಕೆಂದು ಯಂತ್ರದ ಬಳಕೆಗೆ ಅನುಮತಿಯನ್ನೇ ಕೊಟ್ಟಿದೆ.

ಈ ಗಾಳಿ ನನ್ನ ಮನೆಗೂ ಹೊಕ್ಕಿತು. ಹೋದ ವರ್ಷ ಗೆಳೆಯ ಒಂದಾದ ಮೇಲೊಂದು ನಾಲ್ಕು ಆಟ ಗೆದ್ದ. ಎಪ್ಪತ್ತು ದಾಟಿದವನಿಗೆ ಇದ್ದಕ್ಕಿದ್ದಂತೆ ಇಷ್ಟು ಬೆಳಕು ಎಲ್ಲಿಂದ ಬಂತು? ಮೊಮ್ಮಗ ಆ ಆಟಗಳನ್ನು ಯಂತ್ರಕ್ಕೆ ತೋರಿಸಿ, "ತಾತ, ಅವರ ನಡೆಗಳು ಬಹುಪಾಲು ಕಂಪ್ಯೂಟರಿನ ನಡೆಗಳೇ" ಎಂದ. ನಾನು ಸುಮ್ಮನಿದ್ದರೆ ಆಗಿತ್ತು. ರಾತ್ರಿ ಹಾಸಿನ ಪಕ್ಕದ ಪುಟ್ಟ ಜಾಗದಲ್ಲಿ, "ನೀನೇ ಆಡ್ತಿದ್ದೀಯೇನೋ?" ಎಂದು ಟೈಪು ಮಾಡಿದೆ. ಉತ್ತರ ಬರಲಿಲ್ಲ. ನಡೆಯೂ ಬರಲಿಲ್ಲ. ಮೂರು ದಿನ ಕಳೆದ ಮೇಲೆ ಗಡುವು ಮೀರಿದ್ದರಿಂದ ನಾನು ಗೆದ್ದೆನೆಂದು ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು. ಐದು ತಿಂಗಳು ಅವನಿಂದ ಮಾತಿಲ್ಲ.

ಕಳೆದ ತಿಂಗಳು ಹಳೆಯ ಟ್ರಂಕು ತೆಗೆದಾಗ ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡ ಆ ಕಾರ್ಡುಗಳ ಕಟ್ಟು ಸಿಕ್ಕಿತು. ೧೯೮೨ರ ಒಂದರಲ್ಲಿ ನೆತ್ತಿಯ ಮೇಲೆ ಅಂಕೆಯೇ ಇಲ್ಲ. ಹೀಗೆ ಬರೆದಿದ್ದ: "ನಿನ್ನ ಕಾರ್ಡು ಬಂತು. ನೀನು ಬರೆದಂತೆ ನಡೆಸಿದರೆ ನಿನ್ನ ಮಂತ್ರಿ ಸುಮ್ಮನೆ ನನ್ನ ಬಾಯಿಗೆ ಬೀಳುತ್ತಾನೆ. ಅಂಕೆ ತಪ್ಪಿರಬೇಕು. ನಾನು ಹೊಡೆಯುವುದಿಲ್ಲ, ಇನ್ನೊಂದು ಸಲ ನೋಡಿ ಬರೆ." ಅಂಕೆ ತಪ್ಪಿರಲಿಲ್ಲ, ನಾನು ನೋಡಿಯೇ ಇರಲಿಲ್ಲ. ಕೈತಪ್ಪು ಎಂದು ಸುಳ್ಳು ಬರೆದು ಬೇರೆ ನಡೆ ಕಳಿಸಿದ್ದೆ. ಆ ಹದಿನಾಲ್ಕು ತಿಂಗಳ ಆಟವನ್ನು ಗೆದ್ದವನು ನಾನೆಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಮಾರನೆಯ ದಿನ ಅಂಚೆಕಚೇರಿಗೆ ಹೋದೆ. ಕಾಗದದಲ್ಲಿ ಆ ಸುಳ್ಳನ್ನು ಬರೆದೆ, ನೆತ್ತಿಯ ಮೇಲೆ ೫೨೫೪ ಎಂದು ಹಾಕಿದೆ. ಕೆನಡಾದ ಅಂಚೆಗೆ ಹದಿನೈದು ಪೈಸೆ ಸಾಲದು. ಗುಮಾಸ್ತೆ ಹುಡುಗಿ ಲಕೋಟೆಯನ್ನು ತೂಗಿ, ಇಮೇಲಿದೆಯಲ್ಲ ಅಂಕಲ್ ಎಂದಳು.

ಮೊನ್ನೆ ಗುರುವಾರ ಉತ್ತರ ಬಂದಿದೆ. ಯಂತ್ರದ ಮಾತಿಲ್ಲ, ಸುಳ್ಳಿನ ಮಾತೂ ಇಲ್ಲ. ಮೊಣಕಾಲಿನ ನೋವು, ಮೊಮ್ಮಗಳ ಪರೀಕ್ಷೆ, ಅಲ್ಲಿಯ ಹಿಮ. ನೆತ್ತಿಯ ಮೇಲೆ ನಡುಗುವ ಅಕ್ಷರದಲ್ಲಿ ೩೭೩೫. ಅಂದರೆ ಮಂತ್ರಿಯ ಕಡೆಯ ಒಂಟೆಯ ಮುಂದಿನ ಕಾಲಾಳು. ೧೯೮೧ರಲ್ಲಿ ಅವನು ಹೀಗೆ ಆಡಿರಲಿಲ್ಲ. ಕಿಟಕಿಯ ಪಕ್ಕದ ಮೇಜನ್ನು ಖಾಲಿ ಮಾಡಿಸಿ ಹಾಸು ಬಿಡಿಸಿದ್ದೇನೆ. ಏನು ನಡೆಸಬೇಕೆಂದು ಇನ್ನೂ ತೋಚಿಲ್ಲ.