ಭದ್ರಾವತಿಯ ಕಬ್ಬಿಣವೂ ಅಮೆರಿಕದ ಸುಂಕವೂ

2025ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸರ್ಕಾರವು ಭಾರತದ ಅನೇಕ ಸರಕುಗಳ ಮೇಲೆ ನೂರಕ್ಕೆ 50ರಷ್ಟು ಆಮದು ಸುಂಕವನ್ನು ವಿಧಿಸಿತೆಂಬ ವರ್ತಮಾನವು ಪತ್ರಿಕೆಗಳಲ್ಲಿ ಬಂದ ದಿನ, ದುರ್ಗಿಗುಡಿಯ ನಮ್ಮ ಮನೆಯ ಜಗಲಿಗೆ ಹಳೆಯ ಸ್ನೇಹಿತರೊಬ್ಬರು ಬಂದಿದ್ದರು. ಅವರು ತೋಟವುಳ್ಳವರು, ಅಡಕೆ ಮಂಡಿಯ ವ್ಯವಹಾರವನ್ನು ಚೆನ್ನಾಗಿ ಬಲ್ಲವರು. ಪತ್ರಿಕೆಯನ್ನು ಮಡಿಸಿ ಕೆಳಗಿಟ್ಟು, "ಇದು ಯಾವ ನ್ಯಾಯ ಮೇಷ್ಟ್ರೆ? ಅವರಿಗೆ ನಾವು ಮಾಡಿದ ಅಪರಾಧವಾದರೂ ಏನು?" ಎಂದು ಕೇಳಿದರು. ಇಂತಹ ಪೆಟ್ಟು ನಮಗೆ ಹೊಸದಲ್ಲವೆಂದೂ, ನೂರು ವರ್ಷಗಳಿಗೆ ಸಮೀಪದ ಹಿಂದೆ ಇಲ್ಲಿಗೆ ಸುಮಾರು 12 ಮೈಲಿ ದೂರದ ಭದ್ರಾವತಿಯ ಕಬ್ಬಿಣವೇ ಅಮೆರಿಕದ ಸುಂಕಕ್ಕೆ ಗುರಿಯಾಗಿದ್ದಿತೆಂದೂ ನಾನು ಹೇಳಿದಾಗ ಅವರು ನಂಬಲಿಲ್ಲ. ಅವರಿಗೆ ಆ ದಿನ ಅರ್ಧಕ್ಕೆ ಹೇಳಿ ನಿಲ್ಲಿಸಿದ ಸಂಗತಿಯನ್ನು ಇಲ್ಲಿ ಪೂರ್ತಿಯಾಗಿ ನಿರೂಪಿಸಲು ಯತ್ನಿಸುತ್ತೇನೆ.

ಸುಂಕವೆಂಬುದು ನಮ್ಮ ಸೀಮೆಗೆ ಪರಕೀಯವಾದ ವಿಷಯವಲ್ಲ. ಶಿಕಾರಿಪುರದ ತಾಲ್ಲೂಕಿನ ಬಳ್ಳಿಗಾವಿಯ ಶಾಸನಗಳನ್ನು ಓದಿದವರಿಗೆ ಪೆರ್ಜುಂಕ, ವಡ್ಡರಾವುಳ ಎಂಬ ತೆರಿಗೆಗಳ ಹೆಸರು ಪರಿಚಿತವಾಗಿಯೇ ಇರುವುದು. ಆ ಆದಾಯದಿಂದ ದೇವಾಲಯಗಳಿಗೆ ದತ್ತಿ ಬಿಟ್ಟುದನ್ನು ಅವುಗಳಲ್ಲಿ ಕಾಣಬಹುದು. ಇನ್ನು ಶಾಸ್ತ್ರಗ್ರಂಥಗಳ ಮಾತಾದರೆ, ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ಓಲೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳಿಗೇ ಒಂದು ಪ್ರಕರಣವು ಮೀಸಲಾಗಿದೆ. ಒಳಗೆ ಬರುವ ಸರಕಿಗೆ ಬೆಲೆಯ ಐದರಲ್ಲೊಂದು ಭಾಗವೆಂಬುದು ಅಲ್ಲಿಯ ಸಾಮಾನ್ಯ ನಿಯಮ. ಆದರೆ ಪಾಠಶಾಲೆಯ ದಿನಗಳಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಆ ಲೆಕ್ಕವಲ್ಲ. ರಾಷ್ಟ್ರಕ್ಕೆ ಪೀಡೆಯನ್ನುಂಟುಮಾಡುವ ಸರಕನ್ನು ತಡೆಯಬೇಕು, ಮಹೋಪಕಾರಿಯಾದುದನ್ನೂ ದುರ್ಲಭವಾದ ಬೀಜವನ್ನೂ ಸುಂಕವಿಲ್ಲದೆ ಬಿಡಬೇಕು ಎಂಬ ವಿಧಿಯದು. ಪೀಡೆ ಯಾವುದು, ಉಪಕಾರ ಯಾವುದು ಎಂದು ನಿರ್ಣಯಿಸುವವರು ಯಾರೆಂಬುದನ್ನು ಗುರುಗಳಲ್ಲಿ ಕೇಳಿದೆ. ರಾಜನೆಂದು ಅವರು ಹೇಳಿದರು. ಅರಸೊತ್ತಿಗೆಯಿದ್ದ ಕಾಲಕ್ಕೆ ಆ ಉತ್ತರವು ಸಾಕಾಗಿದ್ದಿತು.

ಅಮೆರಿಕದಲ್ಲಿ ರಾಜನಿರಲಿಲ್ಲವಾದುದರಿಂದ ಆ ಪ್ರಶ್ನೆಯು ಅಲ್ಲಿ ಜಗಳವಾಗಿ ಪರಿಣಮಿಸಿತು. 1791ರಲ್ಲಿ ಅಲೆಗ್ಜಾಂಡರ್ ಹ್ಯಾಮಿಲ್ಟನ್ ಎಂಬ ಕೋಶಮಂತ್ರಿಯು ಕೈಗಾರಿಕೆಗಳನ್ನು ಕುರಿತು ಪ್ರಸಿದ್ಧವಾದ ವರದಿಯೊಂದನ್ನು ಒಪ್ಪಿಸಿ, ಎಳೆಯ ಉದ್ಯಮಗಳು ಬಲಿತ ಪರದೇಶದ ಉದ್ಯಮಗಳೊಡನೆ ಹೆಣಗಬೇಕಾದರೆ ರಾಜ್ಯದ ಆಶ್ರಯವು ಬೇಕೆಂದು ವಾದಿಸಿದನು. ಉತ್ತರದ ಕಾರ್ಖಾನೆಯವರಿಗೆ ಇದು ಪಥ್ಯವಾಯಿತು. ಹತ್ತಿಯನ್ನು ಬೆಳೆದು ಇಂಗ್ಲೆಂಡಿಗೆ ಮಾರಿ ಅಲ್ಲಿಂದ ಬಟ್ಟೆಬರೆಗಳನ್ನು ಕೊಳ್ಳುತ್ತಿದ್ದ ದಕ್ಷಿಣದವರಿಗೆ ವಿಷವಾಯಿತು. 1828ರ ಸುಂಕದ ಶಾಸನಕ್ಕೆ ಅವರು "ಹೇಸಿಗೆಯ ಸುಂಕ"ವೆಂದೇ ಹೆಸರಿಟ್ಟರು. 1832ರಲ್ಲಿ ದಕ್ಷಿಣ ಕರೋಲಿನ ಸಂಸ್ಥಾನವು ತನ್ನ ಗಡಿಯೊಳಗೆ ಆ ಕಾನೂನು ನಡೆಯದೆಂದು ಘೋಷಿಸಿ, ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಹೋಗಿ, ಮರುವರ್ಷ ಸುಂಕವನ್ನು ಕ್ರಮೇಣ ಇಳಿಸುವ ಒಪ್ಪಂದವಾದ ಮೇಲೆ ಶಾಂತವಾಯಿತು. ಈ ಕಲಹದಲ್ಲಿ ಹೊಲದಲ್ಲಿ ದುಡಿಯುತ್ತಿದ್ದ ಗುಲಾಮರ ಅಭಿಪ್ರಾಯವನ್ನು ಎರಡು ಪಕ್ಷದವರೂ ಕೇಳಲಿಲ್ಲ.

ಈ ಅಮೆರಿಕದ ತತ್ತ್ವವು ಭದ್ರಾವತಿಗೆ ಬಂದ ದಾರಿ ಸ್ವಾರಸ್ಯವಾದದ್ದು. ಫ್ರೀಡ್ರಿಕ್ ಲಿಸ್ಟ್ ಎಂಬ ಜರ್ಮನ್ ವಿದ್ವಾಂಸನು 1825ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಕ್ಕೆ ಹೋಗಿ ನೆಲಸಿ, ಅಲ್ಲಿಯ ರಕ್ಷಣವಾದವನ್ನು ಮೈಗೂಡಿಸಿಕೊಂಡು, ಸ್ವದೇಶಕ್ಕೆ ಹಿಂದಿರುಗಿದ ಮೇಲೆ 1841ರಲ್ಲಿ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ಆ ವಿಚಾರಗಳನ್ನು ನಮ್ಮ ದೇಶದ ಸ್ಥಿತಿಗೆ ಅನ್ವಯಿಸಿ 1892ರಲ್ಲಿ ಪುಣೆಯಲ್ಲಿ ಉಪನ್ಯಾಸ ಮಾಡಿದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ. ಅದೇ ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಮುಂಬಯಿ ಸರ್ಕಾರದ ಸೇವೆಯಲ್ಲಿದ್ದು, ರಾನಡೆಯವರ ಪರಿಚಯವನ್ನು ಪಡೆದಿದ್ದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರು 1912ರಲ್ಲಿ ಮೈಸೂರಿನ ದಿವಾನರಾದರು.

ಭದ್ರಾ ನದಿಯ ತೀರದ ಆ ಊರಿಗೆ ಹಿಂದೆ ಬೆಂಕಿಪುರವೆಂಬ ಹೆಸರಿದ್ದಿತು. (ಕುಲುಮೆ ಬರುವುದಕ್ಕೆ ಮುಂಚೆಯೇ ಬೆಂಕಿಯ ಹೆಸರು ಬಂದಿದ್ದುದನ್ನು ಕಂಡು ನನ್ನ ಶಿಷ್ಯರು ಬೆರಗಾಗುತ್ತಿದ್ದರು.) ಬಾಬಾಬುಡನ್‌ಗಿರಿಯ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮವಾದ ಅದಿರು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲು, ಪಕ್ಕದಲ್ಲಿ ನದಿಯ ನೀರು, ಸುತ್ತಲೂ ಕಾಡು, ಇಷ್ಟೆಲ್ಲವೂ ಇದ್ದು, ಕಬ್ಬಿಣಕ್ಕೆ ಮುಖ್ಯವಾದ ಕಲ್ಲಿದ್ದಲು ಮಾತ್ರ ಮೈಸೂರು ಸೀಮೆಯಲ್ಲಿ ಇರಲಿಲ್ಲ. ಆದುದರಿಂದ ಮರವನ್ನು ಸುಟ್ಟು ಇದ್ದಿಲು ಮಾಡಿ, ಅದರಿಂದ ಅದಿರನ್ನು ಕರಗಿಸುವ ಯೋಜನೆಯಾಯಿತು. ಸಲಹೆಗಾರರು ನ್ಯೂಯಾರ್ಕಿನ ಸಿ. ಪಿ. ಪೆರಿನ್, ಟಾಟಾ ಕಾರ್ಖಾನೆಯ ನಿರ್ಮಾಣದಲ್ಲಿಯೂ ಕೈಯಿದ್ದವರು. ಹೀಗೆ ಸಿದ್ಧಾಂತದಂತೆ ಯಂತ್ರವಿದ್ಯೆಯೂ ಅಮೆರಿಕದಿಂದಲೇ ಬಂದಿತು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಬೇಯಿಸಿದಾಗ ಹೊರಡುವ ಹೊಗೆಯನ್ನೂ ಹಾಳುಗೆಡವದೆ ಹಿಡಿದು, ಮರದ ಸಾರಾಯಿ, ಟಾರು ಮುಂತಾದವುಗಳನ್ನು ಬಟ್ಟಿಯಿಳಿಸುತ್ತಿದ್ದರು. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಮರದ ಬಟ್ಟಿಯಿಳಿಸುವಿಕೆಯ ಮಾತು ಕಬ್ಬಿಣಕ್ಕಿಂತ ಮುಂದೆ ನಿಂತಿದ್ದಿತು. ಇದ್ದಿಲಿನಿಂದಾದ ಬೀಡು ಕಬ್ಬಿಣದಲ್ಲಿ ಗಂಧಕದ ಅಂಶವು ಬಹಳ ಕಡಮೆ. ಅದು ಅದರ ಗುಣ. ದುಬಾರಿಯೆಂಬುದು ಅದರ ದೋಷ.

ಯುದ್ಧದಿಂದ ಕಬ್ಬಿಣದ ಬೆಲೆಯು ಆಕಾಶಕ್ಕೇರಿದ್ದಾಗ, 1918ರಲ್ಲಿ, ಈ ಯೋಜನೆಗೆ ಒಪ್ಪಿಗೆ ದೊರೆಯಿತು. 1923ರ ಜನವರಿಯಲ್ಲಿ ಊದುಕುಲುಮೆಗೆ ಬೆಂಕಿ ಬೀಳುವ ಹೊತ್ತಿಗೆ ಯುದ್ಧವು ಮುಗಿದು ಬೆಲೆಯು ಕುಸಿದುಹೋಗಿದ್ದಿತು. ಹಣವೆಲ್ಲ ಭದ್ರಾ ನದಿಯ ಪಾಲಾಯಿತೆಂದು ನಿಂದಿಸುವವರಿಗೆ ಕೊರತೆಯಿರಲಿಲ್ಲ. ದಿವಾನ್ ಪದವಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಸರ್ಕಾರವು ಕರೆದು ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿತು. 1929ರವರೆಗೆ ಅವರು ಆ ಭಾರವನ್ನು ಹೊತ್ತರು. ಸ್ವದೇಶದಲ್ಲಿ ಸಾಕಷ್ಟು ಗಿರಾಕಿಗಳಿಲ್ಲದಿದ್ದುದರಿಂದ ಆರಂಭದ ವರ್ಷಗಳಲ್ಲಿ ಭದ್ರಾವತಿಯ ಬೀಡು ಕಬ್ಬಿಣವು ಸಮುದ್ರವನ್ನು ದಾಟಿ ಅಮೆರಿಕದ ಮಾರುಕಟ್ಟೆಗೂ ಹೋಯಿತು. ಮಲೆನಾಡಿನ ಮತ್ತಿ, ದಿಂಡಿಲುಗಳನ್ನು ಸುಟ್ಟ ಇದ್ದಿಲಿನಿಂದ ಹುಟ್ಟಿದ ಕಬ್ಬಿಣವು ಸಾವಿರಾರು ಮೈಲಿಗಳಾಚೆ ಇಳಿಯುತ್ತಿದ್ದುದನ್ನು ನೆನೆದರೆ ಇಂದಿಗೂ ಸೋಜಿಗವೆನಿಸುತ್ತದೆ.

ಆ ವೇಳೆಗೆ ಅಮೆರಿಕದಲ್ಲಿ ಗಾಳಿಯು ತಿರುಗಿದ್ದಿತು. 1913ರ ಶಾಸನದಲ್ಲಿ ಬೀಡು ಕಬ್ಬಿಣಕ್ಕೆ ಸುಂಕವೇ ಇರಲಿಲ್ಲ. 1922ರ ಶಾಸನವು ಟನ್ನಿಗೆ 75 ಸೆಂಟುಗಳನ್ನು ವಿಧಿಸಿದ್ದಲ್ಲದೆ, ಮತ್ತೊಂದು ನೂತನ ವಿಧಿಯನ್ನೂ ತಂದಿತು. ಒಂದು ಪದಾರ್ಥವನ್ನು ಸ್ವದೇಶದಲ್ಲಿ ತಯಾರಿಸುವ ವೆಚ್ಚಕ್ಕೂ ಮುಖ್ಯ ಪ್ರತಿಸ್ಪರ್ಧಿಯಾದ ಪರದೇಶದ ವೆಚ್ಚಕ್ಕೂ ಇರುವ ಅಂತರವನ್ನು ಸುಂಕ ಆಯೋಗವು ಲೆಕ್ಕಹಾಕಬೇಕು. ಆ ಅಂತರವು ಸರಿದೂಗುವಂತೆ ಅಧ್ಯಕ್ಷನು ಸುಂಕವನ್ನು ಏರಿಸಬಹುದು ಅಥವಾ ಇಳಿಸಬಹುದು. ಆದರೆ ಬದಲಾವಣೆಯು ಮೂಲ ಸುಂಕದ ಅರ್ಧವನ್ನು ಮೀರಕೂಡದು. ಬೀಡು ಕಬ್ಬಿಣದ ವಿಚಾರಣೆಯಲ್ಲಿ ಮುಖ್ಯ ಪ್ರತಿಸ್ಪರ್ಧಿಯೆಂದು ಗೊತ್ತುಮಾಡಲ್ಪಟ್ಟದ್ದು ಬ್ರಿಟಿಷ್ ಇಂಡಿಯಾ. 1927ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೂಲಿಜ್ ಸುಂಕವನ್ನು 75 ಸೆಂಟುಗಳಿಂದ ಒಂದು ಡಾಲರ್ 12½ ಸೆಂಟುಗಳಿಗೆ ಏರಿಸಿದನು. ವಾಚಕರು ಲೆಕ್ಕ ಹಾಕಿ ನೋಡಬಹುದು. ಕಾನೂನು ಅನುಮತಿಸಿದ ಪರಮಾವಧಿ ಅದು, ಒಂದು ಕಾಸೂ ಕಡಮೆಯಿಲ್ಲ. 1930ರ ಸ್ಮೂಟ್ ಮತ್ತು ಹಾಲಿಯರ ಹೆಸರಿನ ಶಾಸನವು ಆ ದರವನ್ನೇ ಸ್ಥಿರಪಡಿಸಿತು.

ಈ ಸಮೀಕರಣದ ತತ್ತ್ವವು ಕಿವಿಗೆ ಬಹಳ ನ್ಯಾಯವಾಗಿ ಕೇಳಿಸುತ್ತದೆ. ಇಬ್ಬರು ಓಟಗಾರರನ್ನು ಒಂದೇ ಗೆರೆಯ ಮೇಲೆ ನಿಲ್ಲಿಸುವುದರಲ್ಲಿ ತಪ್ಪೇನು? ಆದರೆ ರಾಜಸ್ಥಾನದ ಮರಳಿನಲ್ಲಿ ನೀರನ್ನು ಹೊತ್ತು ಹಾಕಿ ಒಬ್ಬನು ಅಡಕೆಯನ್ನು ಬೆಳೆದನೆಂದು ಇಟ್ಟುಕೊಳ್ಳಿ. ಅವನ ವೆಚ್ಚಕ್ಕೆ ಸರಿಯಾಗಿ ತೀರ್ಥಹಳ್ಳಿಯ ಅಡಕೆಯ ಮೇಲೆ ಸುಂಕವನ್ನು ಹೇರಿದರೆ, ಅವನ ಅಡಕೆಯೂ ನಮ್ಮದೂ ಒಂದೇ ಬೆಲೆಗೆ ನಿಲ್ಲುವುವು. ತೀರ್ಥಹಳ್ಳಿಯಿಂದ ಅಲ್ಲಿಗೆ ಗಾಡಿ ಹೂಡುವ ಪ್ರಯೋಜನವೇ ಉಳಿಯದು. ವ್ಯಾಪಾರವು ಹುಟ್ಟುವುದೇ ಆ ಅಂತರದಿಂದ. ಹಾರ್ವರ್ಡಿನ ಪಂಡಿತ, ಆ ಸುಂಕ ಆಯೋಗಕ್ಕೇ ಮೊದಲ ಅಧ್ಯಕ್ಷನಾಗಿದ್ದ ಟಾಸಿಗ್ ಎಂಬಾತನು ಈ ತತ್ತ್ವವನ್ನು ಮೊದಲಿನಿಂದಲೂ ಖಂಡಿಸುತ್ತಿದ್ದನು. ಇಷ್ಟರ ಮೇಲೆ ಭದ್ರಾವತಿಯ ಕಬ್ಬಿಣವಾದರೋ ಕಲ್ಲಿದ್ದಲಿನ ಕಬ್ಬಿಣದಂತೆ ಅಗ್ಗವಾದುದಲ್ಲ. ಬಂಗಾಳ ಬಿಹಾರಗಳ ಕುಲುಮೆಗಳು ಸುಲಭಬೆಲೆಗೆ ಮಾರುತ್ತಿದ್ದುದಕ್ಕೆ ಹಾಕಿದ ದಂಡವನ್ನು, "ಇಂಡಿಯಾ" ಎಂಬ ಒಂದೇ ಮಾತಿನ ಕಾರಣದಿಂದ, ಮೈಸೂರು ಸಂಸ್ಥಾನದ ದುಬಾರಿ ಕಬ್ಬಿಣವೂ ತೆರಬೇಕಾಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಅಮೆರಿಕವನ್ನು ದೂರಿದ ಸಮಾಧಾನವೊಂದು ನಮಗೆ ದೊರೆಯುವುದು. ಆದರೆ ಅದೇ ಕಾಲದಲ್ಲಿ ನಮ್ಮ ದೇಶದ ಸುಂಕದ ಮನೆಯಲ್ಲಿ ನಡೆದುದನ್ನೂ ಹೇಳದೆ ಬಿಡುವುದು ಇತಿಹಾಸವನ್ನು ಬರೆಯುವವನಿಗೆ ಒಪ್ಪುವುದಿಲ್ಲ. 1921-22ರ ಹಣಕಾಸಿನ ಆಯೋಗದ ಶಿಫಾರಸಿನಂತೆ ದೆಹಲಿಯ ಸರ್ಕಾರವು ವಿವೇಚನೆಯುಳ್ಳ ರಕ್ಷಣೆಯ ನೀತಿಯನ್ನು ಸ್ವೀಕರಿಸಿ, 1924ರಲ್ಲಿ ಉಕ್ಕಿನ ಉದ್ಯಮದ ರಕ್ಷಣೆಗಾಗಿ ಶಾಸನವನ್ನು ಮಾಡಿತು. 1927ರಲ್ಲಿ ಬ್ರಿಟಿಷ್ ಉಕ್ಕಿಗೆ ಕಡಮೆ ದರವನ್ನೂ ಇತರ ದೇಶಗಳ ಉಕ್ಕಿಗೆ ಹೆಚ್ಚು ದರವನ್ನೂ ಇಟ್ಟಾಗ ಶಾಸನಸಭೆಯಲ್ಲಿ ತೀವ್ರವಾದ ವಿರೋಧ ಬಂದಿತು. ಸಭೆಯಲ್ಲಿ ಕುಳಿತವರು ವಿರೋಧಿಸಿದರು, ಸರಿ. ಮೈಸೂರಿನವರು ಆ ಸಭೆಯಲ್ಲಿ ಕುಳಿತೇ ಇರಲಿಲ್ಲ. ದೇಶೀಯ ಸಂಸ್ಥಾನಗಳಿಗೆ ಅಲ್ಲಿ ಸ್ಥಾನವಿರಲಿಲ್ಲ. ನಮ್ಮ ರೈತನು ಗುದ್ದಲಿ ನೇಗಿಲುಗಳಿಗೆ ಕೊಳ್ಳುತ್ತಿದ್ದ ಪರದೇಶದ ಉಕ್ಕಿನ ಸುಂಕವು ಮದರಾಸು, ಮುಂಬಯಿ ಬಂದರುಗಳಲ್ಲಿ ವಸೂಲಾಗಿ ದೆಹಲಿಯ ಬೊಕ್ಕಸಕ್ಕೆ ಹೋಗುತ್ತಿದ್ದಿತು. ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳು ಕಡಲ ತೀರವುಳ್ಳವಾದುದರಿಂದ 1865ರಷ್ಟು ಹಿಂದೆಯೇ ಒಪ್ಪಂದ ಮಾಡಿಕೊಂಡಿದ್ದವು. ಕಡಲಿಲ್ಲದ ಮೈಸೂರಿಗೆ ಆ ಭಾಗ್ಯವೂ ಇರಲಿಲ್ಲ. ವಿಶ್ವೇಶ್ವರಯ್ಯನವರು ಭಟ್ಕಳದಲ್ಲಿ ಬಂದರು ಬೇಕೆಂದು ಹಂಬಲಿಸಿದುದರ ಹಿಂದೆ ಈ ಸಂಕಟವೂ ಇದ್ದಿತೆಂದು ನನ್ನ ಊಹೆ. ಬಟ್ಲರ್ ಸಮಿತಿಯ ಮುಂದೆ ಸಂಸ್ಥಾನಗಳು ಸುಂಕದಲ್ಲಿ ಪಾಲು ಕೇಳಿದಾಗ, ಆ ಹಕ್ಕಿನ ಮಾತಿನಲ್ಲಿ ಸತ್ತ್ವವಿದೆಯೆಂದು 1929ರ ವರದಿಯು ಒಪ್ಪಿತು. 1881ರಿಂದ ಪ್ರಜಾಪ್ರತಿನಿಧಿ ಸಭೆಯನ್ನು ನಡೆಸಿದ್ದ ನಮ್ಮ ನಾಡಿಗೆ ತನ್ನ ಜನರು ತೆರುವ ಅತಿ ದೊಡ್ಡ ತೆರಿಗೆಗಳಲ್ಲೊಂದರ ಮೇಲೆ ಬಾಯಿ ಬಿಡುವ ಅಧಿಕಾರವಿಲ್ಲದಿದ್ದುದು ಎಂತಹ ವಿಪರ್ಯಾಸ!

ಹೀಗೆ ವಾಷಿಂಗ್ಟನ್ನಿನಲ್ಲಿಯೂ ಧ್ವನಿಯಿಲ್ಲದೆ, ದೆಹಲಿಯಲ್ಲಿಯೂ ಧ್ವನಿಯಿಲ್ಲದೆ ಭದ್ರಾವತಿಯು ನಡುವೆ ನಿಂತಿತು. ಆದರೂ ಉಳಿಯಿತು. ಬೀಡು ಕಬ್ಬಿಣವನ್ನು ಹೊರಗೆ ಮಾರುವುದಕ್ಕಿಂತ ಇಲ್ಲಿಯೇ ಎರಕ ಹೊಯ್ದು ನೀರಿನ ಕೊಳವೆಗಳನ್ನು ಮಾಡತೊಡಗಿದರು. 1936ರಲ್ಲಿ ಉಕ್ಕಿನ ವಿಭಾಗವೂ 1938ರಲ್ಲಿ ಸಿಮೆಂಟಿನ ವಿಭಾಗವೂ ಕೂಡಿಕೊಂಡವು. ಪರದೇಶದ ಗೋಡೆಯು ಹೊರಗೆ ತಳ್ಳಿದ ಕಾರ್ಖಾನೆಯು ಸ್ವದೇಶದ ಗೋಡೆಯ ನೆರಳಿನಲ್ಲಿ ಬೆಳೆಯಿತು. ಆ ನೆರಳಿನ ಬೆಲೆಯನ್ನು ಉಕ್ಕು ಕೊಂಡವರು ತೆತ್ತರು. ಇದ್ದಿಲಿನ ಬೆಲೆಯನ್ನು ನಮ್ಮ ಕಾಡುಗಳು ತೆತ್ತವು. ಬಾಲ್ಯದಲ್ಲಿ ಭದ್ರಾವತಿಯ ಬಂಧುಗಳ ಮನೆಯಲ್ಲಿ ಕಾರ್ಖಾನೆಯ ಕೂಗಿಗೆ ಎಚ್ಚರಗೊಂಡು, ಕೈಯಲ್ಲಿ ಬುತ್ತಿ ಹಿಡಿದು ಸಾಲುಸಾಲಾಗಿ ನಡೆವ ಜನರನ್ನು ಕಂಡ ನನಗೆ ಆ ಬೆಲೆಯು ವ್ಯರ್ಥವಾಯಿತೆಂದು ಹೇಳುವ ಧೈರ್ಯ ಬರುವುದಿಲ್ಲ. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಹೊರಬಿದ್ದಾಗ ಬೀದಿಗಿಳಿದ ಕಾರ್ಮಿಕರ ಮುಖಗಳಲ್ಲಿ ಆ ಸಾಲಿನ ಮಕ್ಕಳು ಮೊಮ್ಮಕ್ಕಳನ್ನೇ ಕಂಡೆ.

ಇದನ್ನೆಲ್ಲ ಕೇಳಿದ ಮೇಲೆ ನಮ್ಮ ಸ್ನೇಹಿತರು, "ನೋಡಿದಿರಾ, ನಾನು ಹೇಳಿದ್ದೂ ಅದನ್ನೇ, ಅವರದು ಅಂದಿಗೂ ಅನ್ಯಾಯ, ಇಂದಿಗೂ ಅನ್ಯಾಯ" ಎಂದರು. ಆಗ ನಾನು ಅಡಕೆಯ ಮಾತನ್ನು ತೆಗೆದೆ. ಹೊರಗಿನ ಅಡಕೆಯ ಮೇಲೆ ನಮ್ಮ ಸರ್ಕಾರವು ನೂರಕ್ಕೆ ನೂರು ಸುಂಕವನ್ನು ಇಟ್ಟುದಲ್ಲದೆ, ಕಿಲೋಗ್ರಾಮಿಗೆ 251 ರೂಪಾಯಿಯಾಗಿದ್ದ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿಸಿತು. ಅದಕ್ಕೆ ಹಿಂದಿನ ವರ್ಷ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಕೆಯನ್ನು ಆ ನಿಬಂಧನೆಯಿಲ್ಲದೆ ತರಬಹುದೆಂದು ಆಜ್ಞೆಯಾದಾಗ ನಮ್ಮ ಜಿಲ್ಲೆಯಲ್ಲಿ ಎದ್ದ ಕೂಗನ್ನು ವಾಚಕರು ಮರೆತಿರಲಾರರು. ಆ ಕೂಗಿನಲ್ಲಿ ಈ ಸ್ನೇಹಿತರ ಧ್ವನಿಯೂ ಇದ್ದಿತು.

"ಭೂತಾನದ ತೋಟದವನೊಬ್ಬನು ತನ್ನ ಜಗಲಿಯಲ್ಲಿ ಕುಳಿತು, ಶಿವಮೊಗ್ಗದವರಿಗೆ ನಾನು ಮಾಡಿದ ಅಪರಾಧವೇನೆಂದು ಕೇಳಿದರೆ ಏನು ಹೇಳೋಣ?" ಎಂದೆ.

"ಅದು ಬೇರೆ, ಇದು ಬೇರೆ ಮೇಷ್ಟ್ರೆ" ಎಂದರು ಅವರು. ಬೇರೆ ಹೇಗೆಂದು ನಾನು ಒತ್ತಿ ಕೇಳಲಿಲ್ಲ. ಸಾಗರದ ಬಳಿ ನನ್ನ ತಮ್ಮನ ಪಾಲಿಗೂ ಒಂದೆರಡು ಎಕರೆ ಅಡಕೆಯ ತೋಟವುಂಟು. ಸುಂಕವನ್ನು ತೆಗೆಯಬೇಕೆಂಬ ಮನವಿಗೆ ಸಹಿ ಹಾಕೆಂದು ಯಾರಾದರೂ ನನ್ನ ಮುಂದೆ ಕಾಗದ ಹಿಡಿದರೆ ನಾನು ಹಾಕಲಾರೆ. ಒಳಗಿನಿಂದ ಕಾಫಿ ಬಂದಿತು. ಕುಡಿದು ಲೋಟವನ್ನು ಕೆಳಗಿಟ್ಟ ಮೇಲೆ ಅವರು, 1927ರಲ್ಲಿ ಏರಿಸಿದ ಆ ಸುಂಕವು ಟನ್ನಿಗೆ ಎಷ್ಟೆಂದು ಮತ್ತೊಮ್ಮೆ ಕೇಳಿ, ಪತ್ರಿಕೆಯ ಅಂಚಿನಲ್ಲಿ ಗುರುತು ಹಾಕಿಕೊಂಡರು.