ಸೇಂಟ್ ಬಾರ್ತೆಲೆಮಿ: ಸ್ವೀಡನ್ನಿನ ಹಳೆಯ ಕೆರೀಬಿಯನ್ ದ್ವೀಪ ಮತ್ತು ಅದರ ಸೆಕೆಗಾಲ

ದ್ವೀಪ ಮತ್ತು ಸ್ವೀಡನ್

ಕೆರೀಬಿಯನ್ ಸಮುದ್ರದ ಈಶಾನ್ಯ ಅಂಚಿನಲ್ಲಿರುವ ಸೇಂಟ್ ಬಾರ್ತೆಲೆಮಿಯ ವಿಸ್ತೀರ್ಣ 25 ಚದರ ಕಿಲೋಮೀಟರನ್ನು ಮೀರದು. ಜನಸಂಖ್ಯೆ ಹತ್ತು ಸಾವಿರದ ಆಸುಪಾಸು. ಇಂದು ಇದು ಫ್ರಾನ್ಸಿನ ಅಧೀನದಲ್ಲಿದ್ದರೂ ರಾಜಧಾನಿಯ ಹೆಸರು ಮಾತ್ರ ಗುಸ್ತಾವಿಯಾ. ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವನಿಂದ ಬಂದ ಹೆಸರು ಅದು. 1784ರಲ್ಲಿ ಫ್ರಾನ್ಸ್ ಈ ದ್ವೀಪವನ್ನು ಸ್ವೀಡನ್ನಿಗೆ ಒಪ್ಪಿಸಿ, ಪ್ರತಿಯಾಗಿ ಗೋಥೆನ್‌ಬರ್ಗ್ ಬಂದರಿನಲ್ಲಿ ವ್ಯಾಪಾರದ ಹಕ್ಕು ಪಡೆಯಿತು. ಸ್ವೀಡಿಷರ ಕೈಗೆ ಬಂದದ್ದು ನದಿಯಿಲ್ಲದ, ಬೇಸಾಯಕ್ಕೆ ಒಗ್ಗದ ಒಣ ಗುಡ್ಡ. ಆದರೆ ಅದರ ಪಶ್ಚಿಮ ತೀರದಲ್ಲಿ ಒಳ್ಳೆಯ ನೈಸರ್ಗಿಕ ಬಂದರಿತ್ತು.

ಆ ಬಂದರನ್ನೇ ನೆಚ್ಚಿ 1785ರಲ್ಲಿ ಗುಸ್ತಾವಿಯಾವನ್ನು ಸುಂಕರಹಿತ ಬಂದರೆಂದು ಸಾರಲಾಯಿತು. ಯೂರೋಪಿನ ದೊಡ್ಡ ರಾಷ್ಟ್ರಗಳು ತಮ್ಮತಮ್ಮಲ್ಲೇ ಕಾದಾಡುತ್ತಿದ್ದ ಕಾಲದಲ್ಲಿ ತಟಸ್ಥ ಸ್ವೀಡನ್ನಿನ ಈ ಕಟ್ಟೆಯಲ್ಲಿ ಎಲ್ಲ ಕಡೆಯ ಸರಕೂ ಕೈ ಬದಲಾಯಿಸುತ್ತಿತ್ತು. ಆ ಸಮೃದ್ಧಿಯಲ್ಲಿ ಗುಲಾಮರ ದುಡಿಮೆಯ ಮತ್ತು ಮಾರಾಟದ ಪಾಲೂ ಇತ್ತೆಂಬುದನ್ನು ಮರೆಯಲಾಗದು. ಇಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1847ರಲ್ಲಿ. ಯುದ್ಧಗಳು ಮುಗಿದಂತೆ ವ್ಯಾಪಾರ ಕುಗ್ಗಿತು. 1852ರ ಬೆಂಕಿ ಪಟ್ಟಣದ ಬಹುಭಾಗವನ್ನು ಸುಟ್ಟಿತು. ಕೊನೆಗೆ ದ್ವೀಪವನ್ನು ಫ್ರಾನ್ಸಿಗೆ ಮರಳಿಸುವ ಬಗ್ಗೆ ದ್ವೀಪವಾಸಿಗಳ ಮತ ಕೇಳಿದಾಗ ಒಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ಫ್ರಾನ್ಸಿನ ಪರವಾದರು. 1878ರಲ್ಲಿ ಧ್ವಜ ಬದಲಾಯಿತು. ಆದರೂ ದ್ವೀಪದ ಲಾಂಛನದಲ್ಲಿ ಸ್ವೀಡನ್ನಿನ ಮೂರು ಕಿರೀಟಗಳು ಉಳಿದಿವೆ, ಗುಸ್ತಾವಿಯಾದ ಬೀದಿಗಳಲ್ಲಿ ಹಳೆಯ ಸ್ವೀಡಿಷ್ ಹೆಸರಿನ ಫಲಕಗಳಿವೆ. ಉತ್ತರ ಸ್ವೀಡನ್ನಿನ ಪೀಟಿಯೋ ನಗರ ಇದರ ಸೋದರ ನಗರ.

ಆಫ್ ಸೀಸನ್ ಯಾವಾಗ

ಡಿಸೆಂಬರ್ ನಡುವಿನಿಂದ ಏಪ್ರಿಲ್‌ವರೆಗೆ ಇಲ್ಲಿ ಪ್ರವಾಸಿಗರ ಸುಗ್ಗಿ. ಆಗ ಹವೆ ಒಣಗಿರುತ್ತದೆ, ಬಂದರಿನಲ್ಲಿ ಶ್ರೀಮಂತರ ವಿಹಾರ ನೌಕೆಗಳು ಸಾಲುಗಟ್ಟುತ್ತವೆ, ಕೋಣೆಯ ಬಾಡಿಗೆ ಸಾಮಾನ್ಯರ ಕೈಗೆಟುಕುವುದಿಲ್ಲ. ಮೇ ತಿಂಗಳಿನಿಂದ ನವೆಂಬರ್‌ವರೆಗೆ ಆಫ್ ಸೀಸನ್. ಬಾಡಿಗೆ ಇಳಿಯುತ್ತದೆ, ಕಡಲತೀರಗಳು ಖಾಲಿಯಾಗುತ್ತವೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಅನೇಕ ಹೋಟೆಲುಗಳು ಬಾಗಿಲು ಹಾಕಿ ದುರಸ್ತಿಯ ಕೆಲಸ ಮಾಡಿಕೊಳ್ಳುತ್ತವೆ.

ಸ್ವೀಡನ್ನಿನವರಿಗೆ ಇದರಲ್ಲೊಂದು ಪೇಚಿದೆ. ಅಲ್ಲಿನ ರಜಾ ಕಾನೂನಿನಂತೆ ನೌಕರರಿಗೆ ವರ್ಷಕ್ಕೆ 25 ದಿನಗಳ ರಜೆಯುಂಟು. ಅದರಲ್ಲಿ ನಾಲ್ಕು ವಾರಗಳನ್ನು ಜೂನ್–ಆಗಸ್ಟ್ ಅವಧಿಯಲ್ಲಿ ಒಟ್ಟಿಗೆ ಪಡೆಯುವ ಹಕ್ಕೂ ಉಂಟು. ಶಾಲೆಗಳ ದೀರ್ಘ ರಜೆಯೂ ಆಗಲೇ. ಹೀಗಾಗಿ ಸ್ಟಾಕ್‌ಹೋಮಿನಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದು ಮಕ್ಕಳೊಡನೆ ಕೆರೀಬಿಯನ್ನಿಗೆ ಹೋಗಬೇಕೆಂದರೆ ಹೆಚ್ಚಾಗಿ ಸೆಕೆಗಾಲವೇ ಗಂಟು ಬೀಳುತ್ತದೆ.

ಸೆಕೆಯ ಕಾರಣ

ಗುಸ್ತಾವಿಯಾ ಮತ್ತು ನಮ್ಮ ಬೀದರ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ ಸಮಭಾಜಕ ವೃತ್ತದಿಂದ ಸುಮಾರು 17.9 ಡಿಗ್ರಿ ಉತ್ತರಕ್ಕೆ. ಸೂರ್ಯ ಎರಡೂ ಊರುಗಳ ಮೇಲೆ ಒಂದೇ ಕೋನದಲ್ಲಿ ಸುಡುತ್ತಾನೆ. ಆದರೂ ಬೀದರದಲ್ಲಿ ಮೇ ತಿಂಗಳ ಹಗಲು 40 ಡಿಗ್ರಿಯ ಹತ್ತಿರ ಹೋದರೆ, ಚಳಿಗಾಲದ ರಾತ್ರಿ ಕಂಬಳಿ ಬೇಕಾಗುತ್ತದೆ. ಗುಸ್ತಾವಿಯಾದಲ್ಲಿ ಆಗಸ್ಟಿನ ಹಗಲೂ 30–31 ಡಿಗ್ರಿಯ ಸುತ್ತಲೇ ಇರುತ್ತದೆ. ರಾತ್ರಿಯೂ 25ಕ್ಕಿಂತ ಅಷ್ಟಾಗಿ ಇಳಿಯದು. ನೆಲ ಬೇಗ ಕಾದು ಬೇಗ ಆರುತ್ತದೆ, ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಪುಟ್ಟ ದ್ವೀಪದ ಹವೆಯನ್ನು ಸುತ್ತಲಿನ ಕಡಲೇ ಆಳುತ್ತದೆ.

ಮೂವತ್ತು ಡಿಗ್ರಿ ಕೇಳಲು ದೊಡ್ಡದಲ್ಲ, ಕಷ್ಟವಿರುವುದು ಆರ್ದ್ರತೆಯಲ್ಲಿ. ಬೆವರು ಆವಿಯಾಗುವಾಗ ದೇಹದ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿಯಲ್ಲಿ ಮೊದಲೇ ನೀರಾವಿ ತುಂಬಿದ್ದರೆ ಬೆವರು ಮೈಮೇಲೆಯೇ ನಿಲ್ಲುತ್ತದೆ. ಚಳಿಗಾಲದಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಈ ಕಷ್ಟವನ್ನು ತಗ್ಗಿಸುತ್ತವೆ. ಆಗಸ್ಟ್ ಕಳೆದಂತೆ ಅವು ಸೊರಗುತ್ತವೆ. ಮೇ ತಿಂಗಳ ಮಂಗಳೂರನ್ನು ಕಂಡವರಿಗೆ ಇದು ಹೊಸದಲ್ಲ. ಸ್ವೀಡನ್ನಿನ ಹವಾಮಾನ ಸಂಸ್ಥೆಯಾದರೋ ಸತತ ಐದು ದಿನ ಗರಿಷ್ಠ ತಾಪಮಾನ 25 ಡಿಗ್ರಿ ಮುಟ್ಟಿದರೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಆ ಅಳತೆಯಲ್ಲಿ ಗುಸ್ತಾವಿಯಾದಲ್ಲಿ ವರ್ಷವಿಡೀ ಬಿಸಿಗಾಳಿಯೇ.

ಚಂಡಮಾರುತ

ಅಟ್ಲಾಂಟಿಕ್ಕಿನ ಚಂಡಮಾರುತ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಆದರೆ ಆರು ತಿಂಗಳೂ ಸಮಾನ ಅಪಾಯದವಲ್ಲ. ಚಂಡಮಾರುತ ಬೆಳೆಯಲು ಕಡಲಿನ ಮೇಲ್ಮೈ ಸುಮಾರು 26.5 ಡಿಗ್ರಿಯಾದರೂ ಬೆಚ್ಚಗಿರಬೇಕು. ನೀರು ತಡವಾಗಿ ಕಾಯುವುದರಿಂದ ಆ ಶಾಖ ಸೆಪ್ಟೆಂಬರಿನಲ್ಲಿ ತುದಿ ಮುಟ್ಟುತ್ತದೆ. ಋತುವಿನ ಉತ್ತುಂಗವೂ ಆಗಲೇ. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಹೊರಡುವ ಗಾಳಿಯ ಕದಲಿಕೆಗಳು ಬೆಚ್ಚಗಿನ ಸಾಗರವನ್ನು ದಾಟುತ್ತ ಬಲಿಯುತ್ತವೆ. 2017ರ ‘ಇರ್ಮಾ’ ಆಗಸ್ಟ್ 30ರಂದು ಕೇಪ್ ವರ್ಡೆ ದ್ವೀಪಗಳ ಬಳಿ ಹುಟ್ಟಿ, ಸೆಪ್ಟೆಂಬರ್ 6ರಂದು ಐದನೆಯ, ಅಂದರೆ ಅತ್ಯುಗ್ರ, ದರ್ಜೆಯಲ್ಲಿ ಸೇಂಟ್ ಬಾರ್ತೆಲೆಮಿಯನ್ನು ಹೊಡೆಯಿತು. ಗಾಳಿಯ ವೇಗ ಗಂಟೆಗೆ ಸುಮಾರು 285 ಕಿಲೋಮೀಟರ್. ಅದಕ್ಕೆ ಮುಂಚೆ, 1995ರಲ್ಲಿ, ‘ಲೂಯಿಸ್’ ಬಂದದ್ದೂ ಸೆಪ್ಟೆಂಬರ್ ಮೊದಲ ವಾರದಲ್ಲೇ.

ಇಲ್ಲಿ ಮುನ್ನೆಚ್ಚರಿಕೆಯನ್ನು ಬಣ್ಣಗಳಲ್ಲಿ ಸಾರುತ್ತಾರೆ: ಹಳದಿ, ಕಿತ್ತಳೆ, ಕೆಂಪು, ನೇರಳೆ. ನೇರಳೆ ಎಂದರೆ ಯಾರೂ ಮನೆ ಬಿಟ್ಟು ಕದಲುವಂತಿಲ್ಲ. ಗಾಳಿ ಸರಿದ ಮೇಲಿನ ಬಣ್ಣ ಬೂದು; ತಂತಿ, ಮರಗಳು ಉರುಳಿ ಬಿದ್ದಿರುವುದರಿಂದ ಆಗಲೂ ಎಚ್ಚರ ತಪ್ಪಬಾರದು.

ಮಳೆಯ ಇನ್ನೊಂದು ಮುಖ

ದ್ವೀಪವಾಸಿಗಳು ಈ ಕಾಲವನ್ನು ಬರೀ ಅಂಜಿಕೆಯಿಂದ ನೋಡುವುದಿಲ್ಲ. ನದಿಯಿಲ್ಲದ ಊರಿನಲ್ಲಿ ಸೂರಿನ ನೀರೇ ಆಧಾರವಾಗಿತ್ತು. ಮನೆಯಡಿಯ ತೊಟ್ಟಿಗೆ ಅದನ್ನು ಇಳಿಸಿ ವರ್ಷ ತಳ್ಳುತ್ತಿದ್ದರು. ಇಂದು ಸಮುದ್ರದ ನೀರನ್ನು ಸಿಹಿಯಾಗಿಸುವ ಘಟಕವಿದ್ದರೂ ತೊಟ್ಟಿ ಹೋಗಿಲ್ಲ. ಒಣಗಿ ಕಂದಾಗಿದ್ದ ಗುಡ್ಡಗಳು ಹಸಿರಾಗುತ್ತವೆ, ಬೇಸಿಗೆಯಲ್ಲಿ ಗುಲ್‌ಮೊಹರ್ ಕೆಂಪಾಗಿ ಅರಳುತ್ತದೆ. ಚಂಡಮಾರುತ ಇಲ್ಲದ ದಿನಗಳಲ್ಲಿ ಕಡಲು ಚಳಿಗಾಲಕ್ಕಿಂತ ಶಾಂತ. ಈಜಲು ನಿಜಕ್ಕೂ ಇದೇ ಒಳ್ಳೆಯ ಕಾಲ.

ಮಳೆ ಬಂತೆಂದು ಕಡಲತೀರದ ಯಾವುದೋ ಮರದಡಿ ನಿಲ್ಲುವಂತಿಲ್ಲ. ಮ್ಯಾಂಚಿನೀಲ್ ಎಂಬ ಮರದ ಹಾಲು ಘೋರ ವಿಷ. ಎಲೆಯಿಂದ ತೊಟ್ಟಿಕ್ಕುವ ಮಳೆಹನಿ ತಗುಲಿದರೂ ಮೈಯಲ್ಲಿ ಬೊಬ್ಬೆ ಏಳುತ್ತದೆ. ಪುಟ್ಟ ಹಸಿರು ಸೇಬಿನಂತಿರುವ ಅದರ ಹಣ್ಣನ್ನು ಮಕ್ಕಳು ಬಾಯಿಗೆ ಹಾಕದಂತೆ ಕಾಯಬೇಕು. ಸೊಳ್ಳೆಯೂ ಹೆಚ್ಚು. ಅಮೆರಿಕ ಖಂಡಗಳಲ್ಲಿ ಚಿಕುನ್‌ಗುನ್ಯಾ ಸ್ಥಳೀಯವಾಗಿ ಹರಡಿದ್ದು ಮೊದಲು ಕಂಡುಬಂದದ್ದು ಪಕ್ಕದ ಸೇಂಟ್ ಮಾರ್ಟಿನ್ ದ್ವೀಪದಲ್ಲಿ, 2013ರ ಡಿಸೆಂಬರಿನಲ್ಲಿ.

ತಲುಪುವ ಬಗೆ

ಸ್ವೀಡನ್ನಿನಿಂದ ನೇರ ವಿಮಾನವಿಲ್ಲ. ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ ಸೇಂಟ್ ಮಾರ್ಟಿನ್ ದ್ವೀಪದ ಡಚ್ ಭಾಗವಾದ ಸಿಂಟ್ ಮಾರ್ಟೆನ್ ತಲುಪಿ, ಅಲ್ಲಿಂದ ದೋಣಿಯಲ್ಲೋ ಚಿಕ್ಕ ವಿಮಾನದಲ್ಲೋ ಹೋಗಬೇಕು. ಗುಸ್ತಾವನ ಹೆಸರನ್ನೇ ಹೊತ್ತಿದ್ದ ಇಲ್ಲಿನ ವಿಮಾನ ನಿಲ್ದಾಣದ ಓಡುಹಾದಿ ಸುಮಾರು 650 ಮೀಟರ್ ಮಾತ್ರ. ಒಂದು ತುದಿಯಲ್ಲಿ ಗುಡ್ಡ, ಇನ್ನೊಂದು ತುದಿಯಲ್ಲಿ ಸಮುದ್ರ. ಕತ್ತಲಾದ ಮೇಲೆ ವಿಮಾನ ಸಂಚಾರವಿಲ್ಲ.

ಚಲಾವಣೆಯಲ್ಲಿರುವುದು ಯೂರೋ ಆದರೂ ದ್ವೀಪ ಶೆಂಗೆನ್ ವಲಯದ ಹೊರಗಿದೆ. ಆದ್ದರಿಂದ ಸ್ವೀಡನ್ನಿನಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರು ಟಿಕೆಟ್ ಕೊಳ್ಳುವ ಮುನ್ನವೇ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ವೀಸಾ ನಿಯಮವನ್ನು ವಿಚಾರಿಸಿಕೊಳ್ಳಬೇಕು. ತಿಂಗಳನ್ನು ಆರಿಸುವ ಸ್ವಾತಂತ್ರ್ಯವಿದ್ದರೆ ಜೂನ್ ಅಥವಾ ಜುಲೈ ಮೊದಲರ್ಧ ಸೂಕ್ತ. ಆಗಸ್ಟಿನಲ್ಲಿ ಹೋಗುವವರು ಚಂಡಮಾರುತದಿಂದ ರದ್ದಾದ ಪ್ರಯಾಣಕ್ಕೂ ಹಣ ಹಿಂದಿರುಗಿಸುವ ವಿಮೆ ಮಾಡಿಸಿಕೊಳ್ಳಲಿ. ಸೆಪ್ಟೆಂಬರನ್ನು, ಬಾಡಿಗೆ ಎಷ್ಟೇ ಅಗ್ಗವಾಗಿದ್ದರೂ, ಬಿಟ್ಟುಬಿಡುವುದೇ ಲೇಸು.