ಹಾಸಿನ ಕಥೆ: ಹಾವೇರಿ ಸೀಮೆಯ ಮಗ್ಗಗಳು

ಎರಡು ಸಂಗತಿಗಳು ಬಿಡಿಸಲಾರದಂತೆ ಬೆರೆತಿದ್ದರೆ ಅವು ಹಾಸುಹೊಕ್ಕಾಗಿವೆ ಎಂದು ಹೇಳುವುದು ಕನ್ನಡದ ವಾಡಿಕೆ. ಹಾಸೆಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು. ಹೊಕ್ಕೆಂದರೆ ಅದರ ನಡುವೆ ಅಡ್ಡಲಾಗಿ ಹಾಯುವ ನೂಲು. ಆಡುಮಾತಿನಲ್ಲಿ ಇವೆರಡಕ್ಕೂ ಸಮಾನವಾದ ಸ್ಥಾನವುಂಟು. ಚರಿತ್ರೆಯ ಪುಸ್ತಕಗಳಲ್ಲಿ ಮಾತ್ರ ಹಾಗಿಲ್ಲ. ನೆಯ್ಗೆಯ ಸುಧಾರಣೆಯನ್ನು ಕುರಿತು ಬರೆದ ಬಹುಮಂದಿ ಹೊಕ್ಕನ್ನು ಒಯ್ಯುವ ಲಾಳಿಯ ವಿಷಯವಾಗಿ ಪುಟಗಟ್ಟಲೆ ಹೇಳಿರುವರು. ಮಗ್ಗಕ್ಕೆ ಹಾಸನ್ನು ಒದಗಿಸುವ ಕ್ರಮ ಹೇಗೆ ಬದಲಾಯಿತೆಂಬುದನ್ನು ಒಂದೆರಡು ಪಂಕ್ತಿಗಳಲ್ಲಿ ಮುಗಿಸಿಬಿಟ್ಟಿರುವರು. ನೇಕಾರನ ಬಾಳನ್ನು ಹೆಚ್ಚಾಗಿ ಮಾರ್ಪಡಿಸಿದುದು ಈ ಎರಡನೆಯ ಬದಲಾವಣೆಯೇ ಎಂದು ನಮ್ಮ ಅಭಿಪ್ರಾಯ. ಅದನ್ನು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಈ ಭಾಷಣದಲ್ಲಿ ವಿವೇಚಿಸುವೆವು.

ಈ ಮೂರು ಊರುಗಳೂ ಹುಬ್ಬಳ್ಳಿಯಿಂದ ಹರಿಹರಕ್ಕೆ ಬರುವ ರೈಲುದಾರಿಯಲ್ಲಿ ಒಂದರ ಹಿಂದೊಂದರಂತೆ ಇವೆ. ಹಿಂದೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಇವು 1997ರಿಂದ ಹಾವೇರಿ ಜಿಲ್ಲೆಯ ಊರುಗಳು. ಬ್ಯಾಡಗಿಯ ಹೆಸರನ್ನು ಮೆಣಸಿನಕಾಯಿ ದೇಶದೇಶಗಳಿಗೆ ಒಯ್ದಿರುವುದು. ಆದರೆ ಆ ಕಾಯಿ ಬೆಳೆಯುವ ಸೀಮೆಯ ಎರೆಹೊಲಗಳಲ್ಲಿ ಹತ್ತಿಯನ್ನೂ ಈರುಳ್ಳಿಯನ್ನೂ ಬೆರಕೆಯಾಗಿ ಬೆಳೆಯುವುದು ಹಳೆಯ ಪದ್ಧತಿ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ನ್ಯೂ ಆರ್ಲಿಯನ್ಸಿನ ಬೀಜವನ್ನು ಬಿತ್ತಿಸಿ ಬೆಳೆಸಿದ ಹತ್ತಿಗೆ ಧಾರವಾಡ-ಅಮೆರಿಕನ್ ಎಂಬ ಹೆಸರು ಬಂದಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಈ ಹತ್ತಿಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯ ದಾರಿ ಆ ಶತಮಾನ ಮುಗಿಯುವ ಮೊದಲೇ ಈ ಊರುಗಳನ್ನು ಹಾಯ್ದುಹೋಯಿತು. ಅಂದಿನಿಂದ ಇಲ್ಲಿನ ಹತ್ತಿ ಅಂಡಿಗೆಯಾಗಿ ಹೊರಗೆ ಹೋಗುವುದೂ, ಗಿರಣಿಯ ನೂಲು ಪೆಟ್ಟಿಗೆಗಳಲ್ಲಿ ಒಳಗೆ ಬರುವುದೂ ನಿತ್ಯದ ವ್ಯವಹಾರವಾಯಿತು. 1885ರಲ್ಲಿ ಸ್ಥಾಪಿತವಾದ ಗೋಕಾಕಿನ ಕಂಪನಿಯ ಗಿರಣಿಯೂ, ಸೊಲ್ಲಾಪುರ ಮುಂಬಯಿಗಳ ಗಿರಣಿಗಳೂ ನೂತ ನೂಲು ಕರ್ಣಾಟಕದ ಮಗ್ಗಗಳನ್ನು ಸೇರಿತು. ರಾಣೆಬೆನ್ನೂರು ಸೀಮೆಯಲ್ಲಿ ತುಮ್ಮಿನಕಟ್ಟಿ ನೇಕಾರರ ಊರೆಂದೂ, ಮೆಡ್ಲೇರಿ ಕಂಬಳಿಯ ಊರೆಂದೂ ಹೆಸರಾದುವು.

ಇನ್ನು ಹಾಸಿನ ಪ್ರಸ್ತಾಪಕ್ಕೆ ಬರೋಣ. ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತಿ ಲಾಳಿಯಲ್ಲಿಟ್ಟರೆ ಸಾಕು. ಅದು ಹಾಯ್ದು ಬಟ್ಟೆಯಲ್ಲಿ ಸೇರಿಕೊಳ್ಳುವುದು. ಹಾಸಿನ ಎಳೆಯ ಪಾಡು ಹಾಗಲ್ಲ. ಅದು ಹಣಿಗೆಯ ಹಲ್ಲುಗಳ ನಡುವೆ ಉಜ್ಜಿಸಿಕೊಳ್ಳಬೇಕು, ತುಳಿಗೋಲು ತುಳಿದಾಗಲೆಲ್ಲ ಏರಿ ಇಳಿಯಬೇಕು, ಎಡೆಬಿಡದೆ ಬಿಗಿಯನ್ನು ತಾಳಿಕೊಳ್ಳಬೇಕು. ಆದುದರಿಂದಲೇ ಅದಕ್ಕೆ ಗಂಜಿಯುಣಿಸಿ ಬಲಗೊಳಿಸುವರು. ಹೀಗೆ ಹಾಸನ್ನು ಚಾಚಿ ಹದಗೊಳಿಸುವ ಕೆಲಸಕ್ಕೆ ಸಂಬಂಧಿಸಿದ ಉಂಕೆಯೆಂಬ ಮಾತು ಬಹು ಹಳೆಯದು. ವಚನಗಳಲ್ಲಿಯೂ ಅದು ಬಳಕೆಯಾಗಿದೆ.

ಹಳೆಯ ಕಾಲದಲ್ಲಿ ಈ ಕೆಲಸವೆಲ್ಲ ಬೀದಿಯಲ್ಲಿ ನಡೆಯುತ್ತಿತ್ತು. ಸಾಲಾಗಿ ಕೋಲುಗಳನ್ನು ನೆಟ್ಟು, ಕೈಯಲ್ಲಿ ನೂಲಿನ ಸುತ್ತುಗಳನ್ನು ಹಿಡಿದು, ಆ ತುದಿಯಿಂದ ಈ ತುದಿಗೆ ನಡೆದಾಡುತ್ತ ಎಳೆಗಳನ್ನು ಹಾಸುತ್ತಿದ್ದರು. ಹೀಗೆ ನಡೆದಾಡುವವರು ಬಹುಮಟ್ಟಿಗೆ ಮನೆಯ ಹೆಂಗಸರೂ ಮಕ್ಕಳೂ. ಇದರಲ್ಲಿ ಎಷ್ಟು ನಡಿಗೆ ಸಲ್ಲುತ್ತಿತ್ತೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಬಟ್ಟೆಯ ಅಗಲ 40 ಅಂಗುಲ, ಅಂಗುಲಕ್ಕೆ 60 ಎಳೆ ಎಂದಿಟ್ಟುಕೊಂಡರೆ ಹಾಸಿಗೆ 2,400 ಎಳೆಗಳು ಬೇಕು. ಸಲಕ್ಕೆ ಎರಡೆರಡು ಎಳೆಗಳಂತೆ 20 ಗಜದ ಹಾಸನ್ನು ಹಾಕಿದರೆ 1,200 ಸಲ ನಡೆಯಬೇಕು. ಅಂದರೆ 24,000 ಗಜ, ಹದಿಮೂರು ಮೈಲಿಗೂ ಮಿಗಿಲು. ಒಂದು ಹಾಸಿಗೆ ಇಷ್ಟು ದಾರಿ! ಆಮೇಲೆ ಬೆಳಗಿನ ತಂಪಿನಲ್ಲಿ ಹಾಸನ್ನು ಬೀದಿಯುದ್ದಕ್ಕೂ ಚಾಚಿ, ಗಂಜಿ ಹಚ್ಚಿ, ಕುಂಚದಿಂದ ಮತ್ತೆ ಮತ್ತೆ ತೀಡಿ, ಎಳೆಗೆಳೆ ಅಂಟದಂತೆ ಒಣಗಿಸಬೇಕು. ಬಿಸಿಲೇರಿದರೆ ಗಂಜಿ ಬೇಗ ಬಿರುಸಾಗುವುದು, ಗಾಳಿ ಬೀಸಿದರೆ ಎಳೆಗಳು ಸಿಕ್ಕಾಗುವುವು, ಮಳೆ ಬಂದರೆ ಕೆಲಸವೇ ನಿಲ್ಲುವುದು. ಒಂದು ಮನೆಯ ಕೈಗಳು ಇದಕ್ಕೆ ಸಾಲವು. ನೆರೆಹೊರೆಯವರು ಬಂದು ಕೈಜೋಡಿಸಬೇಕು. ಇಂದು ಅವರ ಹಾಸಿಗೆ ಇವರು, ನಾಳೆ ಇವರ ಹಾಸಿಗೆ ಅವರು. ನೇಕಾರರ ಓಣಿ ಉದ್ದವಾಗಿಯೂ ನೆಟ್ಟಗೂ ಇರಬೇಕಾದುದಕ್ಕೆ ಇದೊಂದು ಕಾರಣ.

ಹದಗೊಂಡ ಹಾಸು ಕುಣಿಮಗ್ಗಕ್ಕೆ ಬಂದ ಮೇಲೆ ಅದನ್ನು ಒದಗಿಸುವ ಉಪಾಯ ಬಹು ಸರಳವಾಗಿತ್ತು. ಹಾಸಿನ ಹಿಂದಿನ ತುದಿಯನ್ನು ಒಂದು ಕೋಲಿಗೆ ಬಿಗಿದು, ಕೋಲಿಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ದೂರದ ಗೂಟವೊಂದನ್ನು ಬಳಸಿ ತಂದು, ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ನೇಕಾರನ ಕೈಗೆ ಎಟಕುವಂತೆ ಕಟ್ಟುವರು. ನೆಯ್ದ ಬಟ್ಟೆಯನ್ನು ಮುಂದಿನ ಮರಕ್ಕೆ ಸುತ್ತುವಾಗ ಅವನು ಹಗ್ಗವನ್ನು ಸ್ವಲ್ಪ ಸಡಿಲಿಸುವನು. ಹಾಸು ಅಷ್ಟು ಮುಂದೆ ಸರಿಯುವುದು. ಎಷ್ಟು ಸಡಿಲಿಸಬೇಕೆಂಬುದಕ್ಕೆ ಅವನ ಕೈಯೇ ಅಳತೆ. ನುರಿತವನ ಕೈಯಲ್ಲಿ ಬಟ್ಟೆ ಒಂದೇ ಹದವಾಗಿ ಬರುವುದು. ಹೊಸಬನ ಕೈಯಲ್ಲಿ ಬಿಗಿ ಹೆಚ್ಚಾದ ಕಡೆ ಎಳೆ ಹರಿಯುವುದು, ಸಡಿಲವಾದ ಕಡೆ ಬಟ್ಟೆ ಜಾಳಾಗುವುದು. ಇದಲ್ಲದೆ ಹಾಸಿನ ಉದ್ದಕ್ಕೆ ತಕ್ಕ ಜಾಗವೂ ಬೇಕು. ಮನೆ ಎಷ್ಟು ಉದ್ದವೋ ಹಾಸೂ ಹೆಚ್ಚು ಕಡಿಮೆ ಅಷ್ಟೇ. ಮಿಕ್ಕುದನ್ನು ಗಂಟು ಕಟ್ಟಿ ತೂಗುಹಾಕಬೇಕು.

ಮೆಡ್ಲೇರಿಯಂಥ ಊರುಗಳ ಕಂಬಳಿಯ ಮಗ್ಗಗಳಿಗೆ ಈ ತೊಡಕು ಅಷ್ಟಾಗಿ ತಟ್ಟಲಿಲ್ಲ. ಉಣ್ಣೆಯ ಹಾಸು ಕಂಬಳಿಯ ಅಳತೆಗೆ ತಕ್ಕಂತೆ ಗಿಡ್ಡ. ಹುಣಸೆಯ ಬೀಜವನ್ನು ಅರೆದು ಕುದಿಸಿದ ಸರಿಯನ್ನು ಅದಕ್ಕೆ ಹಚ್ಚಿ, ಒಣಗಿಸಿ, ನೆಯ್ದು ಮುಗಿಸುವರು. ಹತ್ತಿಯ ಬಟ್ಟೆಯಾದರೋ ಸಂತೆಯಲ್ಲಿ ಗಿರಣಿಯ ಬಟ್ಟೆಗೆ ಎದುರಾಗಿ ನಿಲ್ಲಬೇಕಾಗಿತ್ತು. ಅಲ್ಲಿ ಹಾಸಿನ ಉದ್ದವೇ ಲಾಭನಷ್ಟಗಳ ಪ್ರಶ್ನೆಯಾಯಿತು.

ಇಲ್ಲಿ ಇಂಗ್ಲೆಂಡಿನ ಚರಿತ್ರೆಯನ್ನು ಕ್ಷಣಕಾಲ ನೋಡುವುದು ಉಪಯುಕ್ತ. 1733ರಲ್ಲಿ ಜಾನ್ ಕೇ ಎಂಬಾತನು ಹಾರುಲಾಳಿಯನ್ನು ಕಂಡುಹಿಡಿದನು. 1785ರಲ್ಲಿ ಕಾರ್ಟ್‌ರೈಟನು ಯಂತ್ರಬಲದಿಂದ ನಡೆಯುವ ಮಗ್ಗಕ್ಕೆ ಹಕ್ಕುಪತ್ರ ಪಡೆದನು. ಇವೆರಡನ್ನೂ ನಾವು ತರಗತಿಗಳಲ್ಲಿ ವರ್ಷವರ್ಷವೂ ಬೋಧಿಸುತ್ತೇವೆ. ಆದರೆ ಯಂತ್ರಮಗ್ಗ ಕೂಡಲೇ ಗೆಲ್ಲಲಿಲ್ಲ. ಸ್ವಲ್ಪ ನೆಯ್ದೊಡನೆ ಮಗ್ಗವನ್ನು ನಿಲ್ಲಿಸಿ, ಮುಂದಿನ ಹಾಸಿಗೆ ಗಂಜಿ ಹಚ್ಚಿ ಒಣಗಿಸಬೇಕಾಗಿದ್ದುದು ಅದಕ್ಕೆ ಒಂದು ದೊಡ್ಡ ಅಡ್ಡಿಯಾಗಿತ್ತು. ಸ್ಟಾಕ್‌ಪೋರ್ಟಿನ ರ‍್ಯಾಡ್‌ಕ್ಲಿಫ್ ಮತ್ತು ಅವನ ಕೆಲಸಗಾರನಾದ ಥಾಮಸ್ ಜಾನ್ಸನ್ ಇವರು 1803-04ರ ಸುಮಾರಿಗೆ ಹಾಸಿಗೆ ಮೊದಲೇ ಗಂಜಿಯುಣಿಸಿ ಒಣಗಿಸಿ ಉರುಳೆಗೆ ಸುತ್ತುವ ಯಂತ್ರವನ್ನು ರೂಪಿಸಿದ ಮೇಲೆಯೇ ಮಗ್ಗ ನಿಲ್ಲದೆ ನಡೆಯುವ ದಾರಿ ತೆರೆಯಿತು. ಲಾಳಿಯ ವೇಗಕ್ಕೆ ಹಾಸು ಸರಿಗಟ್ಟದಿದ್ದರೆ ವೇಗವೆಲ್ಲ ವ್ಯರ್ಥವೆಂಬ ಪಾಠವನ್ನು ಲಂಕಾಶೈರು ಹೀಗೆ ಕಲಿಯಿತು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನಮ್ಮ ದೇಶವೂ ಅದೇ ಪಾಠವನ್ನು ಕಲಿಯಬೇಕಾಯಿತು. ಹಾವೆಲ್ಲರು ಹಾರುಲಾಳಿಯ ಪರವಾಗಿ ವಾದಿಸಿದರು. ಆಲ್ಫ್ರೆಡ್ ಚಾಟರ್ಟನ್ನರು 1906ರಲ್ಲಿ ಸೇಲಂನಲ್ಲಿ ಕೈಮಗ್ಗದ ಕಾರ್ಖಾನೆಯನ್ನು ನಡೆಸಿ ನೋಡಿದರು; ಇವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಮುಂಬಯಿ ಇಲಾಖೆಯಲ್ಲಿ ಅಹಮದನಗರದ ಅಮೆರಿಕನ್ ಮರಾಠಿ ಮಿಷನ್ನಿನ ಚರ್ಚಿಲ್ಲರು ಸುಧಾರಿತ ಮಗ್ಗವೊಂದನ್ನು ನಿರ್ಮಿಸಿದರು. ಹಾರುಲಾಳಿಯಿಂದ ನೆಯ್ಗೆ ಬೇಗನೆ ಸಾಗುವುದೇನೋ ದಿಟವಾಯಿತು. ಆದರೆ ನೆಯ್ಗೆ ಬೇಗ ಸಾಗಿದಷ್ಟೂ ಹಾಸು ಬೇಗ ಮುಗಿಯುವುದು. ಹಾಸು ಬೇಗ ಮುಗಿದಷ್ಟೂ ಬೀದಿಯ ಕೆಲಸ ಹೆಚ್ಚುವುದು. ಗಂಡಸಿನ ಕೈಗೆ ದೊರೆತ ಬಿಡುವು ಹೆಂಗಸಿನ ಕಾಲಿಗೆ ಹೊರೆಯಾಗುವುದು.

ಇದಕ್ಕೆ ಪರಿಹಾರವಾಗಿ ಬಂದುದು ಹಾಸು ಹಾಕುವ ದೊಡ್ಡ ರಾಟೆ ಮತ್ತು ನೇಕಾರರು ಬೀಮು ಎಂದು ಕರೆಯುವ ಹಾಸಿನ ಉರುಳೆ. ಚೌಕಟ್ಟಿಗೆ ನಿಲ್ಲಿಸಿದ ಹತ್ತಾರು ಕಂಡಿಕೆಗಳಿಂದ ಎಳೆಗಳು ಒಟ್ಟಿಗೆ ಬಂದು ತಿರುಗುವ ರಾಟೆಗೆ ಸುತ್ತಿಕೊಳ್ಳುವುವು. ಅಲ್ಲಿಂದ ಉರುಳೆಗೆ ಹೋಗುವುವು. ಹದಿಮೂರು ಮೈಲಿಯ ನಡಿಗೆ ರಾಟೆಯ ಸುತ್ತುಗಳಾಗಿ ಮಾರ್ಪಟ್ಟಿತು. ನೂರಾರು ಗಜದ ಹಾಸು ಮಗ್ಗದ ಹಿಂದೆ ಮೊಳದಷ್ಟು ಜಾಗದಲ್ಲಿ ಅಡಗಿತು.

ಉರುಳೆಯಿಂದಾದ ಮತ್ತೊಂದು ಉಳಿತಾಯ ಕೆಚ್ಚುವ ಕೆಲಸದಲ್ಲಿ. ಹಳೆಯ ಹಾಸು ಮುಗಿದಾಗ ಹಣಿಗೆಯಲ್ಲಿ ಉಳಿದ ಪ್ರತಿಯೊಂದು ಎಳೆಯ ತುದಿಗೂ ಹೊಸ ಹಾಸಿನ ಎಳೆಯನ್ನು ಬೆರಳಿನಿಂದ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದೆಂದು ಹೆಸರು. ಮೇಲೆ ಹೇಳಿದ ಹಾಸಿನಲ್ಲಿ 20 ಗಜಕ್ಕೊಮ್ಮೆ ಕೆಚ್ಚಿದರೆ 100 ಗಜ ಬಟ್ಟೆಗೆ 12,000 ಕೂಡಿಕೆಗಳಾಗುವುವು. ನೂರು ಗಜದ ಒಂದೇ ಹಾಸು ಉರುಳೆಯಲ್ಲಿದ್ದರೆ 2,400 ಮಾತ್ರ.

ಆದರೆ ಉರುಳೆಯೂ ತನ್ನದೇ ಆದ ಒಂದು ತೊಡಕನ್ನು ತಂದಿತು. ಅದು ತಾನಾಗಿ ತಿರುಗಿ ಹಾಸು ಜೋತುಬೀಳದಂತೆ ಅದರ ತುದಿಗೆ ಹಗ್ಗ ಸುತ್ತಿ ಭಾರ ತೂಗಬಿಡುವರು. ಹಾಸು ಕಳೆದಂತೆ ಉರುಳೆಯ ಸುತ್ತು ಸಣ್ಣದಾಗುವುದು. ಭಾರ ಮೊದಲಿನಷ್ಟೇ ಇದ್ದರೆ ಎಳೆಯ ಮೇಲಿನ ಬಿಗಿ ಏರುವುದು. 8 ಅಂಗುಲ ದಪ್ಪವಿದ್ದ ಸುತ್ತು 4 ಅಂಗುಲಕ್ಕೆ ಇಳಿದಾಗ ಬಿಗಿ ಇಮ್ಮಡಿಯಾಗುವುದು. ಆದುದರಿಂದ ನೇಕಾರನು ಆಗಾಗ ಭಾರವನ್ನು ಕಡಿಮೆ ಮಾಡುತ್ತ ಹೋಗಬೇಕು. ಹಿಂದೆ ಹಗ್ಗವನ್ನು ಸಡಿಲಿಸುತ್ತಿದ್ದ ಅದೇ ಕೈಯ ವಿವೇಕ ಈಗ ಭಾರವನ್ನು ಅರಿತು ತೂಗುವ ವಿವೇಕವಾಯಿತು. ಉಪಕರಣ ಬದಲಾದರೂ ನೈಪುಣ್ಯ ನಿರುಪಯೋಗವಾಗಲಿಲ್ಲವೆಂಬುದು ಗಮನಿಸತಕ್ಕ ಅಂಶ.

ಕೈಯ ಪಾತ್ರ ಉಳಿದರೂ ಹಾಸಿನ ಒಡೆತನ ಉಳಿಯಲಿಲ್ಲ. ಇದೇ ಈ ಚರಿತ್ರೆಯ ಮುಖ್ಯವಾದ ಅಂಶ. ಬೀದಿಯ ಹಾಸಿಗೆ ಬೇಕಾದುದು ಒಂದಿಷ್ಟು ನೂಲು, ಕೆಲವು ಕೋಲುಗಳು ಮತ್ತು ನೆರೆಹೊರೆಯ ಸಹಾಯ. ನೂರು ಗಜದ ಉರುಳೆಗೆ ಐದು ಹಾಸಿನ ನೂಲನ್ನು ಒಮ್ಮೆಗೇ ಕೊಳ್ಳಬೇಕು. ರಾಟೆ, ಚೌಕಟ್ಟು, ಅವನ್ನಿಡುವ ಜಾಗ ಬೇಕು. ಅಷ್ಟು ಹಣ ಬಡ ನೇಕಾರನಲ್ಲಿ ಎಲ್ಲಿಯದು? ನೂಲಿನ ವ್ಯಾಪಾರಿಯೋ, ಹಲವು ಮಗ್ಗಗಳ ಸಾಹುಕಾರನೋ ಹಾಸನ್ನು ಸಿದ್ಧಪಡಿಸಿ ಕೊಡುವನು. ನೇಕಾರನು ಕೂಲಿಗೆ ನೆಯ್ದು ಬಟ್ಟೆಯನ್ನು ಒಪ್ಪಿಸುವನು. ಮಗ್ಗ ನೇಕಾರನದು, ಹಾಸು ಮತ್ತೊಬ್ಬನದು. ಹೆಂಗಸರಿಗೆ ಬಿಸಿಲುಗಾಳಿಗಳ ದುಡಿಮೆ ತಪ್ಪಿದುದು ನಿಜವಾದ ಲಾಭ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಓಣಿಯವರೆಲ್ಲ ಕೂಡಿ ಮಾಡುತ್ತಿದ್ದ ಕೆಲಸ ಒಬ್ಬನ ಅಂಗಳವನ್ನು ಸೇರಿದಾಗ, ನಾಳೆ ಏನು ನೆಯ್ಯಬೇಕು, ಎಷ್ಟು ನೆಯ್ಯಬೇಕು ಎಂಬ ನಿರ್ಧಾರವೂ ಅಲ್ಲಿಗೇ ಹೋಯಿತು.

ಸರಕಾರವೂ ಇದನ್ನು ಮನಗಾಣದಿರಲಿಲ್ಲ. 1934ರಲ್ಲಿ ಭಾರತ ಸರಕಾರ ಕೈಮಗ್ಗದ ಏಳಿಗೆಗಾಗಿ ಪ್ರಾಂತಗಳಿಗೆ ಧನಸಹಾಯ ಕೊಡಲು ಮೊದಲುಮಾಡಿದಾಗ ಸಹಕಾರ ಸಂಘಗಳ ಮೂಲಕ ನೂಲನ್ನು ಒದಗಿಸುವುದೂ ಬಟ್ಟೆಯನ್ನು ಮಾರುವುದೂ ಅದರ ಉದ್ದೇಶಗಳಲ್ಲಿ ಸೇರಿದ್ದುವು. ಡಾಕ್ಟರ್ ಪಿ. ಜೆ. ಥಾಮಸರ ಅಧ್ಯಕ್ಷತೆಯ ಸಮಿತಿ 1942ರಲ್ಲಿ ಕೈಮಗ್ಗ ಗಿರಣಿಗಳ ಸ್ಥಿತಿಯನ್ನು ವಿಚಾರಿಸಿ ವರದಿಯನ್ನೊಪ್ಪಿಸಿತು. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಸ್ಥಾಪಿತವಾಗಿ, ನೇಕಾರರಿಗೆ ನೂಲು ಕೊಟ್ಟು ಕೂಲಿಯಿತ್ತು ಬಟ್ಟೆಯನ್ನು ಪಡೆಯುವ ಕ್ರಮವನ್ನು ನಡೆಸಿಕೊಂಡು ಬಂದಿತು.

ಖಾದಿಯ ಚಳವಳಿಯೂ ಹಾಸಿನ ಪ್ರಶ್ನೆಯನ್ನು ಎದುರಿಸಬೇಕಾಯಿತು. ಬ್ಯಾಡಗಿಯ ಸಮೀಪದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧಿಯವರೊಡನೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಇಂಥವರಿಂದ ಈ ಸೀಮೆಯಲ್ಲಿ ಚರಕಕ್ಕೆ ಗೌರವ ಬಂದಿತು. ಆದರೆ ಕೈನೂಲು ಹೊಕ್ಕಾಗಿ ಸುಲಭವಾಗಿ ಸಲ್ಲುವುದು. ಹಾಸಾಗಿ ನಿಲ್ಲಬೇಕಾದರೆ ನೂಲು ಒಂದೇ ಸಮವಾಗಿಯೂ ಗಟ್ಟಿಯಾಗಿಯೂ ಇರಬೇಕು. ನೂತವರ ಶ್ರದ್ಧೆಗೆ ಹಾಸೇ ಪರೀಕ್ಷೆ. ಹಾಸಿಗೂ ಕೈನೂಲನ್ನೇ ಬಳಸಬೇಕೆಂಬ ಖಾದಿಯ ನಿಯಮದಲ್ಲಿ ವ್ರತವೂ ಇತ್ತು, ವಿವೇಕವೂ ಇತ್ತು: ಗಿರಣಿಯ ಹಾಸನ್ನು ಒಪ್ಪಿದ ಮಗ್ಗ ಗಿರಣಿಯ ಹಂಗನ್ನೂ ಒಪ್ಪಿದಂತೆಯೇ ಸರಿ.

ಕೊನೆಗೆ ಇಳಕಲ್ಲಿನ ಸೀರೆಯ ಮಾತು. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಇವೆರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುವರು. ಇದರಿಂದ ಹಾಸನ್ನು ಒಂದೊಂದು ಸೀರೆಯ ಅಳತೆಗೇ ಸಿದ್ಧಪಡಿಸಬೇಕು; ನೂರು ಗಜದ ಉರುಳೆ ಇಲ್ಲಿ ಉಪಯೋಗಕ್ಕೆ ಬಾರದು. ಶ್ರಮದ ದೃಷ್ಟಿಯಿಂದ ಇದು ನಷ್ಟ. ಆದರೆ ಆ ಸೆರಗಿಗೆ ಅಂದವೂ ಹೆಸರೂ ಬಂದಿರುವುದು ಈ ಕೊಂಡಿಯಿಂದಲೇ. ಉದ್ದವಾದ ಹಾಸು ಎಲ್ಲ ಮಗ್ಗಕ್ಕೂ ಮದ್ದಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಆದುದರಿಂದ ಯಾವುದೇ ಸುಧಾರಣೆಯನ್ನು ತೂಗುವಾಗ ಗಂಟೆಗೆ ಎಷ್ಟು ಗಜ ಬಟ್ಟೆ ಬಂದಿತೆಂದು ಕೇಳಿದರೆ ಸಾಲದು. ಯಾರ ಕಾಲಿನ ನಡಿಗೆ ತಪ್ಪಿತು, ಯಾರ ಕೈಗೆ ಹಾಸು ಸೇರಿತು ಎಂಬುದನ್ನೂ ಕೇಳಬೇಕು. ಹಾಸನ್ನು ಸುತ್ತುವ ರಾಟೆ ಓಣಿಯ ನೇಕಾರರೆಲ್ಲರಿಗೂ ಸೇರಿದ್ದಾದರೆ, ಹಿಂದೆ ಬೀದಿಯಲ್ಲಿದ್ದ ಸಹಾಯವೂ ಇಂದಿನ ಉರುಳೆಯ ಸೌಕರ್ಯವೂ ಒಂದೆಡೆ ಕೂಡಿಬರುವುವು. ಸಹಕಾರ ಸಂಘದ ಮನೆಯಲ್ಲಿ ನೂಲಿನ ಲೆಕ್ಕದ ಪುಸ್ತಕಕ್ಕೆ ಎಷ್ಟು ಮರ್ಯಾದೆಯೋ, ಹಾಸಿನ ರಾಟೆಗೂ ಅಷ್ಟು ಮರ್ಯಾದೆ ಸಲ್ಲಬೇಕೆಂದು ಹೇಳಿ ಈ ಭಾಷಣವನ್ನು ಮುಗಿಸುವೆವು.